ನಮ್ಮ ಪಿಚರ್ ಮತ್ತು ಇಪ್ಪತ್ತೊಂದು ತೆಂಗಿನಕಾಯಿ

ಅಭಿಮಾನಿ ಎಂಬ ಪ್ರಾಣಿಗೆ ಆಟ ನಡೆಯುವ ಕಾಲದಲ್ಲಿ ಅಂಥ ಕಷ್ಟವೇನೂ ಇಲ್ಲ. ಗೆದ್ದರೆ ಕುಣಿಯುತ್ತಾನೆ, ಸೋತರೆ ಅಂಪೈರನ್ನು ಬೈಯುತ್ತಾನೆ, ಎರಡೂ ಸಂದರ್ಭಗಳಲ್ಲಿ ಅವನಿಗೆ ಹಸಿವು ಚೆನ್ನಾಗಿಯೇ ಆಗುತ್ತದೆ. ಅವನ ನಿಜವಾದ ಸಂಕಟ ಶುರುವಾಗುವುದು ಆಟ ಮುಗಿದು, ಮೈದಾನದ ಗೇಟಿಗೆ ಬೀಗ ಬಿದ್ದ ಮೇಲೆ. ಆಗ ಕ್ಲಬ್ಬಿನವರು ಒಳಗೆ ಕೂತು ಯಾರನ್ನು ಉಳಿಸಬೇಕು, ಯಾರನ್ನು ಬಿಡಬೇಕು, ಟೋಪಿಗೆ ಯಾವ ಬಣ್ಣ ಹಚ್ಚಬೇಕು ಎಂದು ಯೋಚಿಸುತ್ತಾರೆ. ಅಭಿಮಾನಿ ಹೊರಗೆ ಕೂತು ಅದನ್ನೇ ಯೋಚಿಸುತ್ತಾನೆ. ಅವರಿಗೆ ಅದಕ್ಕೆ ಸಂಬಳ ಸಿಗುತ್ತದೆ, ಇವನಿಗೆ ಮನೆಯಲ್ಲಿ ಬೈಗುಳ ಸಿಗುತ್ತದೆ ಎನ್ನುವುದಷ್ಟೇ ವ್ಯತ್ಯಾಸ. ಹೋದ ಚಳಿಗಾಲ ಪೂರ್ತಿ ನಾನು ಹೀಗೆ ಹೊರಗೆ ಕೂತು ಯೋಚಿಸಿದವನು. ಸುಮ್ಮನೆ ಯೋಚಿಸಿದ್ದರೆ ಚಿಂತೆಯಿರಲಿಲ್ಲ. ನಡುವೆ ದೇವರನ್ನೂ ಎಳೆದು ತಂದೆ, ಅಲ್ಲಿ ಕೆಟ್ಟಿತು.

ಹುಬ್ಬಳ್ಳಿಯಿಂದ ಬಂದವನಿಗೆ ಬೇಸ್‌ಬಾಲಿನ ಹುಚ್ಚು ಹೇಗೆ ಹತ್ತಿತು ಎಂದು ನೀವು ಕೇಳುವುದು ನ್ಯಾಯವೇ. ಅದಕ್ಕೆ ಮಂಗಳೂರಿನ ಮೆಲ್ವಿನ್ ಕಾರಣ. ಸಿಡ್ನಿಗೆ ಬಂದ ಹೊಸದರಲ್ಲಿ ನಾವಿಬ್ಬರೂ ಗಿರಾವೀನ್ ಬಡಾವಣೆಯಲ್ಲಿ ಒಂದೇ ಮನೆಯಲ್ಲಿ ರೆಂಟಿಗಿದ್ದೆವು. ಒಂದು ಭಾನುವಾರ ಚರ್ಚಿನಿಂದ ಬಂದವನೇ, "ಕುಲಕರ್ಣಿಯವರೇ, ಮೂರು ಗಂಟೆಯಲ್ಲಿ ಮುಗಿಯುವ ಕ್ರಿಕೆಟ್ ಉಂಟು, ಬರ್ತೀರಾ?" ಎಂದು ಕರೆದುಕೊಂಡು ಹೋದ. ಹುಬ್ಬಳ್ಳಿಯಲ್ಲಿ ನನ್ನ ಕ್ರಿಕೆಟ್ ಜೀವನ ಹನ್ನೆರಡನೆಯ ಆಟಗಾರನಾಗಿ ಆರಂಭವಾಗಿ ಸ್ಕೋರು ಬರೆಯುವವನಾಗಿ ಮುಗಿದಿತ್ತು. ಆದ್ದರಿಂದ ಯಾವ ಆಟವನ್ನಾದರೂ ಕೂತು ನೋಡುವ ಅನುಭವ ನನಗೆ ಧಾರಾಳವಾಗಿತ್ತು. ಅಂದು ನೋಡಿದ್ದು ಹಿಡಿಸಿತು. ಆಮೇಲೆ ಮೆಲ್ವಿನ್ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಸಿಕ್ಕಿತೆಂದು ಮೆಲ್ಬರ್ನಿನ ಬಾಕ್ಸ್ ಹಿಲ್‌ಗೆ ಹೋದ. ಹೋದವನು ಒಂದೇ ವರ್ಷದಲ್ಲಿ ಮೆಲ್ಬರ್ನ್ ತಂಡದ ಕಡೆ ಸೇರಿಕೊಂಡ. ನಾನು ಮಾತ್ರ ಸಿಡ್ನಿಯಲ್ಲೇ, ನಾರ್ವೆಸ್ಟ್‌ನ ಅದೇ ಕಂಪ್ಯೂಟರ್ ಆಫೀಸಿನಲ್ಲಿ, ಅದೇ ಸಿಡ್ನಿ ತಂಡದ ಬೆನ್ನಿಗೆ ಉಳಿದೆ. ಇದಕ್ಕೆ ನಿಷ್ಠೆ ಎಂದು ನಾನು ಹೆಸರಿಟ್ಟಿದ್ದೇನೆ. ನನ್ನ ಹೆಂಡತಿ ಸುನಂದಾ ಇದನ್ನು ಆಲಸ್ಯ ಎನ್ನುತ್ತಾಳೆ.

ನಮ್ಮ ತಂಡದಲ್ಲಿ ಡ್ಯಾರೆನ್ ಎಂಬ ಪಿಚರ್ ಇದ್ದ. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ, ಆದರೆ ಓಡಿ ಬರುವುದಿಲ್ಲ, ನಿಂತಲ್ಲೇ ನಿಂತು ಎಸೆಯುತ್ತಾನೆ. ಇಲ್ಲಿ ಬೇಸ್‌ಬಾಲ್ ಆಡಿ ಹೊಟ್ಟೆ ತುಂಬುವುದಿಲ್ಲವಾದ್ದರಿಂದ ಡ್ಯಾರೆನ್ ವಾರವಿಡೀ ಪ್ಲಂಬರ್, ವಾರದ ಕೊನೆಗೆ ಪಿಚರ್. ಮೂರು ವರ್ಷದ ಹಿಂದೆ ನಮ್ಮ ಮನೆಯ ಬಿಸಿನೀರಿನ ಟ್ಯಾಂಕು ಕೆಟ್ಟಾಗ ಫೋನು ಮಾಡಿದರೆ ಬಾಗಿಲಲ್ಲಿ ಬಂದು ನಿಂತವನು ಅವನೇ. ನಾನು ಮನೆಯ ಹಿಂದೆ ಟಾರ್ಚು ಹಿಡಿದು ನಿಂತು, ಪೈಪು ಬಿಚ್ಚುತ್ತಿದ್ದವನಿಗೆ ಚೆಂಡನ್ನು ತಿರುಗಿಸುವುದು ಹೇಗೆಂದು ಸಲಹೆ ಕೊಟ್ಟೆ. ಪಾಪ, ಅವನು ಎಲ್ಲವನ್ನೂ ಕೇಳಿಸಿಕೊಂಡ. ಸುನಂದಾ ಕೊಟ್ಟ ಖಾರದ ಮಂಡಕ್ಕಿ ಗಿರಮಿಟ್ಟನ್ನು ಕಣ್ಣಲ್ಲಿ ನೀರು ಸುರಿಸಿಕೊಂಡು ತಿಂದು, ಇನ್ನೊಂದು ಪ್ಲೇಟು ಕೇಳಿದ. ಅಂದಿನಿಂದ ಮೈದಾನದಲ್ಲಿ ನನ್ನನ್ನು ಕಂಡರೆ "ಮಿಸ್ಟರ್ ಕೆ" ಎಂದು ಕೈಯೆತ್ತುತ್ತಿದ್ದ. ಸಾವಿರ ಜನರ ನಡುವೆ ಪಿಚರ್ ನನಗೆ ಕೈಯೆತ್ತುತ್ತಾನೆ ಎನ್ನುವುದನ್ನು ನಾನು ಆಫೀಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಸಾವಿರ ಜನ ಇರುತ್ತಿರಲಿಲ್ಲ, ಅದು ಬೇರೆ ಮಾತು.

ಇಂಥ ಡ್ಯಾರೆನ್ ಕಳೆದ ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿಬಿಟ್ಟ. ಫೈನಲ್ ಮೆಲ್ಬರ್ನಿನಲ್ಲಿ, ಮೆಲ್ಬರ್ನ್ ತಂಡದ ಎದುರೇ ಇತ್ತು. ನಾನು ವಿಮಾನ ಹತ್ತಿ ಹೋಗಿ ಮೆಲ್ವಿನ್‌ನ ಪಕ್ಕದಲ್ಲಿಯೇ ಕೂತಿದ್ದೆ. ಬೇಸ್‌ಬಾಲಿನಲ್ಲಿ ಬ್ಯಾಟು ಹಿಡಿದವನಿಗೆ ನಾಲ್ಕು ಚೆಂಡು ಗುರಿ ತಪ್ಪಿಸಿ ಎಸೆದರೆ ಅವನು ಬ್ಯಾಟು ಬೀಸುವ ತೊಂದರೆಯನ್ನೂ ತೆಗೆದುಕೊಳ್ಳದೆ ಆರಾಮಾಗಿ ನಡೆದುಕೊಂಡು ಮೊದಲ ಮನೆಗೆ ಹೋಗುತ್ತಾನೆ. ಮನೆಗಳೆಲ್ಲ ಮೊದಲೇ ಭರ್ತಿಯಾಗಿದ್ದರೆ ಚೌಕಾಬಾರದ ಕಾಯಿಗಳಂತೆ ಎಲ್ಲರೂ ಒಂದೊಂದು ಮನೆ ಮುಂದೆ ಸರಿಯುತ್ತಾರೆ, ಕೊನೆಯವನು ಹಣ್ಣಾಗಿ ತನ್ನ ತಂಡಕ್ಕೆ ಒಂದು ರನ್ನು ತರುತ್ತಾನೆ. ಕೊನೆಯ ಸುತ್ತು, ಎರಡೂ ಕಡೆ ಸಮ ಸಮ, ಮೂರೂ ಮನೆ ಭರ್ತಿ. ಡ್ಯಾರೆನ್ ನಾಲ್ಕಕ್ಕೆ ನಾಲ್ಕೂ ಗುರಿ ತಪ್ಪಿಸಿದ. ಮೆಲ್ವಿನ್ ಎದ್ದು ಕುಣಿಯಲಿಲ್ಲ, ನನ್ನ ಭುಜದ ಮೇಲೆ ಕೈಯಿಟ್ಟ. ಕುಣಿದಿದ್ದರೂ ಸಹಿಸಬಹುದಿತ್ತು.

ಮರುದಿನ ಸಿಡ್ನಿಗೆ ಬಂದರೆ ಸಂಕಷ್ಟಿ. ಸುನಂದಾಳ ಉಪವಾಸ, ನಮ್ಮ ಗಣಪತಿ ಗುಡಿಗೆ ಹೋಗಲೇಬೇಕು. ಮೈಯೆಲ್ಲ ಉರಿಯುತ್ತಿದ್ದ ನಾನು ದೇವರ ಎದುರು ಕೈಮುಗಿದು ನಿಂತು, ಪಕ್ಕದವರಿಗೂ ಕೇಳುವ ಹಾಗೆ, "ಗಣಪ್ಪಾ, ಈ ಡ್ಯಾರೆನ್ ನಮ್ಮ ತಂಡ ಬಿಟ್ಟು ತೊಲಗಿದರೆ ನಿನಗೆ ಇಪ್ಪತ್ತೊಂದು ಕಾಯಿ ಒಡೆಸ್ತೀನಿ" ಎಂದುಬಿಟ್ಟೆ. ಪಕ್ಕದಲ್ಲಿದ್ದವಳು ಸುನಂದಾ. ಆರತಿ ತೆಗೆದುಕೊಂಡು ಹೊರಗೆ ಬಂದೆ, ಪ್ರಸಾದ ತಿಂದೆ, ಸಿಟ್ಟು ಇಳಿಯಿತು, ಹರಕೆಯೂ ಮರೆತುಹೋಯಿತು. ನನಗೆ ಮಾತ್ರ ಮರೆತುಹೋಯಿತು ಎನ್ನಬೇಕು.

ಮೇ ಮುಗಿಯುತ್ತಿದ್ದಂತೆ ಇಲ್ಲಿಯ ಚಳಿಗಾಲ ಬಂತು, ಬದಲಾವಣೆಗಳೂ ಬಂದವು. ಮೊದಲು ಹಳೆಯ ಕೋಚನ್ನು ಕಳಿಸಿ, ಕೈಯಲ್ಲಿ ಸದಾ ಟ್ಯಾಬ್ಲೆಟ್ ಹಿಡಿದಿರುವ ಹೊಸಬನೊಬ್ಬನನ್ನು ತಂದರು. ನಂತರ ಕುಂಕುಮದ ಬಣ್ಣದ ನಮ್ಮ ಟೋಪಿಯನ್ನು ಕೆಸುವಿನೆಲೆ ಬೇಯಿಸಿದ ಬಣ್ಣಕ್ಕೆ ತಿರುಗಿಸಿದರು. ನಾನು ಹತ್ತು ವರ್ಷದಿಂದ ಕೂರುತ್ತಿದ್ದ ಮರದ ಬೆಂಚುಗಳನ್ನು ಕಿತ್ತು ಪ್ಲಾಸ್ಟಿಕ್ ಕುರ್ಚಿ ಹಾಕುವುದೆಂದು ತೀರ್ಮಾನವಾಯಿತು. ನಾನು ಕ್ಲಬ್ಬಿಗೆ ಉದ್ದನೆಯ ಮೇಲ್ ಬರೆದೆ. ಟೋಪಿಯ ಬಗ್ಗೆ ಒಂದು ಪ್ಯಾರಾ, ಬೆಂಚಿನ ಬಗ್ಗೆ ಎರಡು, ಕೋಚನಿಗೆ ಹೇಳಬೇಕಾದ ಬುದ್ಧಿಮಾತು ನಾಲ್ಕು. ಕಳಿಸಿ ನಿಮಿಷವಾಗುವುದರೊಳಗೆ ಉತ್ತರ ಬಂತು: ನಿಮ್ಮ ಉತ್ಸಾಹಕ್ಕೆ ಧನ್ಯವಾದ. ಅಷ್ಟು ಬೇಗ ಓದಿದರಲ್ಲ ಎಂದು ನಾನು ಹಿಗ್ಗಿದೆ. ಅದನ್ನು ಕಂಪ್ಯೂಟರು ತಾನೇ ಕಳಿಸುತ್ತದೆ ಎಂದು ಹದಿನೈದು ವರ್ಷದ ಮಗಳು ಅನಘಾ ತಿಳಿಸಿಕೊಟ್ಟಳು. ಹಗಲಿಡೀ ಇಂಥವೇ ಕಂಪ್ಯೂಟರುಗಳ ನಡುವೆ ಕೂತು ಬರುವವನು ನಾನು.

ಜೂನ್‌ನಲ್ಲಿ ಡ್ಯಾರೆನ್‌ನನ್ನು ಬಿಡುತ್ತಾರಂತೆ ಎಂಬ ಸುದ್ದಿ ಹಬ್ಬಿತು. ನಾಲ್ಕು ಚೆಂಡು ತಪ್ಪಿದ್ದು ಯಾರಿಗೆ ನೆನಪಿರುತ್ತದೆ? ನನಗೆ ನೆನಪಾದದ್ದು ಹತ್ತು ವರ್ಷ ಅವನು ಗೆಲ್ಲಿಸಿದ್ದು, ಗಿರಮಿಟ್ಟು ತಿಂದದ್ದು, ಕೈಯೆತ್ತಿದ್ದು. ಒಬ್ಬನೇ ಗುಡಿಗೆ ಹೋಗಿ, ಡ್ಯಾರೆನ್ ಉಳಿದರೆ ಐವತ್ತೊಂದು ಕಾಯಿ ಎಂದು ಹೇಳಿ ಬಂದೆ. ಎರಡು ವಾರಕ್ಕೆ ಕ್ಲಬ್ಬು ಪ್ರಕಟಿಸಿತು: ಡ್ಯಾರೆನ್ ಇನ್ನು ಮೆಲ್ಬರ್ನ್ ತಂಡಕ್ಕೆ. ಅಂದು ಸಂಜೆ ನಾನು ಊಟದ ಮುಂದೆ ಮುಖ ಇಳಿಬಿಟ್ಟು ಕೂತಿದ್ದೆ. ಅನಘಾ, "ಅಪ್ಪಾ, ಇಟ್ಸ್ ಜಸ್ಟ್ ಬೇಸ್‌ಬಾಲ್" ಎಂದಳು. ಸುನಂದಾ ರೊಟ್ಟಿ ಬಡಿಸುತ್ತ ಅಷ್ಟೇ ತಣ್ಣಗೆ ಕೇಳಿದಳು:

"ಮತ್ತ ಕಾಯಿ ಯಾವಾಗ ಒಡಸ್ತೀರಿ?"

"ಯಾವ ಕಾಯಿ?"

"ಸಂಕಷ್ಟಿ ದಿನ ಬೇಡ್ಕೊಂಡಿದ್ರೆಲ್ಲ. ಅವ ಹ್ವಾದ್ರ ಇಪ್ಪತ್ತೊಂದು ಅಂತ. ಹ್ವಾದ್ನಲ್ಲ ಈಗ."

ಅದು ಸಿಟ್ಟಿನಲ್ಲಿ ಆಡಿದ ಮಾತು, ಅದೆಲ್ಲ ಹರಕೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ವಾದಿಸಿದೆ. "ಗಣಪ್ಪನ ಕಿವಿ ಅಷ್ಟು ದೊಡ್ಡು ಯಾಕದಾವ ಅಂತ ತಿಳ್ಕೊಂಡೀರಿ?" ಎಂದಳು. ಜೂನ್‌ನ ಐವತ್ತೊಂದು ಕಾಯಿಯ ಮಾತು ತೆಗೆದೆ. "ಇಲ್ಲೇ ಕಾಯಂ ಇರಾಕ ಪಿಆರ್‌ಗೆ ಹಾಕಿದಾಗ ಏನಾತು? ಮೊದಲ ಯಾರು ಅರ್ಜಿ ಹಾಕಿದ್ರು ಅವರದ ಮೊದಲ ಬಂತು. ಇದೂ ಹಂಗ." ಹನ್ನೆರಡು ವರ್ಷ ಈ ದೇಶದಲ್ಲಿ ಬದುಕಿದವಳ ಧರ್ಮಶಾಸ್ತ್ರ ಅದು. ನಾನು ಇಪ್ಪತ್ತೊಂದು ಕಾಯಿಯ ಬೆಲೆ ಲೆಕ್ಕ ಹಾಕತೊಡಗಿದೆ.

ಸಂಕಟ ತೋಡಿಕೊಳ್ಳಲು ಮೆಲ್ವಿನ್‌ಗೆ ಫೋನು ಮಾಡಿದೆ. ನನ್ನ ಪಿಚರನ್ನು ಕಸಿದುಕೊಂಡ ಊರಿನವನಿಗೇ ಫೋನು ಮಾಡಬೇಕಾಯಿತು, ಬೇರೆ ಯಾರಿಗೆ ಅರ್ಥವಾದೀತು? ಅವನು ಎಲ್ಲ ಕೇಳಿ, "ನಮ್ಮಲ್ಲಾದ್ರೆ ಕನ್ಫೆಶನ್ ಉಂಟು ಮಾರಾಯ್ರೇ. ಫಾದರ್ ಹತ್ರ ಹೇಳಿದ್ರೆ ಮುಗೀತು. ನಿಮ್ಮದು ಕಾಯಿಯಲ್ಲೇ ತೀರಿಸ್ಬೇಕು, ಅಲ್ವಾ?" ಎಂದ. "ಆದ್ರೆ ಅವನಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳಿ. ನಿಮ್ಮನ್ನು ಕಂಡು ಕೈಯೆತ್ತುವುದು ನಾನೇ ನೋಡಿದ್ದೇನೆ, ಅವನಿಗೆ ನೀವು ಅಂದ್ರೆ ತುಂಬ ಇಷ್ಟ" ಎಂದು ಸೇರಿಸಿದ. ಆ ಮಾತು ಕಾಯಿಗಿಂತ ಭಾರವಾಗಿತ್ತು. ನನ್ನನ್ನು ಸ್ನೇಹಿತನೆಂದು ತಿಳಿದವನನ್ನು ಓಡಿಸಲು ನಾನು ದೇವರಿಗೆ ಲಂಚ ಹೇಳಿದ್ದೆ. ಸಿಟ್ಟಿನ ಮಾತಾದರೂ ನನ್ನದೇ ಬಾಯಿಂದ ಬಂದದ್ದು. ನಿಜವಾಗಿ ನಾಚಿಕೆಯಾಯಿತು.

ಶನಿವಾರ ಕಾಯಿ ತರಲು ಹೋದೆ. ಈ ದೇಶದ ತೆಂಗಿನಕಾಯಿಯನ್ನು ನಂಬುವಂತಿಲ್ಲ, ಹೊರಗಿನಿಂದ ಎಲ್ಲವೂ ಸಜ್ಜನರು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ ನನ್ನನ್ನು ನೋಡಿ ಅಂಗಡಿಯ ಗುಜರಾತಿ ಅಂಕಲ್ ಮನೆಯಲ್ಲಿ ಮದುವೆಯೇ ಎಂದು ಹಿಂದಿಯಲ್ಲಿ ಕೇಳಿದರು. ಬೀಳ್ಕೊಡುಗೆ ಎಂದೆ. ಗುಡಿಯಲ್ಲಿ ನೆಲಕ್ಕೆ ಅಪ್ಪಳಿಸಿ ಈಡುಗಾಯಿ ಒಡೆಯೋಣವೆಂದರೆ ಭಟ್ಟರು ಒಪ್ಪಲಿಲ್ಲ. ಚೂರು ಹಾರಿ ಯಾರ ಕಣ್ಣಿಗಾದರೂ ಬಿದ್ದರೆ ಇನ್ಶೂರೆನ್ಸಿನವರು ಬಿಡುವುದಿಲ್ಲವಂತೆ. ಅವರೇ ಒಂದೊಂದನ್ನಾಗಿ ಎರಡು ಹೋಳು ಮಾಡಿದರು. ಸಂಕಲ್ಪಕ್ಕೆ ಏನೆಂದು ಹೇಳಲಿ ಎಂದು ಕೇಳಿದಾಗ ನಾನು ಸುನಂದಾಳ ಮುಖ ನೋಡಿದೆ. "ಇಷ್ಟಾರ್ಥ ಸಿದ್ಧಿ ಆಗೇದ ಅಂತ ಹೇಳ್ರಿ" ಎಂದಳು ಅವಳು. ನನ್ನ ಇಷ್ಟಾರ್ಥ ಸಿದ್ಧಿಯಾದದ್ದಕ್ಕೆ ನಾನು ಅಷ್ಟು ದುಃಖದಿಂದ ಕೈಮುಗಿದದ್ದು ಅದೇ ಮೊದಲು. ಇಪ್ಪತ್ತೊಂದರಲ್ಲಿ ಒಂದೂ ಕೆಟ್ಟದ್ದು ಬರಲಿಲ್ಲ. ದೇವರಿಗೆ ಪೂರ್ತಿ ತೃಪ್ತಿಯಾಗಿದೆ ಎಂದು ಭಟ್ಟರು ಹೇಳಿದರು.

ನಲವತ್ತೆರಡು ಹೋಳು ಕಾಯಿ ಮನೆಗೆ ಬಂತು. ಚಟ್ನಿ ಮಾಡಿದ್ದಾಯಿತು, ಗಿರಾವೀನ್‌ನ ಪರಿಚಯದ ಆಂಟಿಯರಿಗೆಲ್ಲ ಹಂಚಿದ್ದಾಯಿತು, ಉಳಿದದ್ದನ್ನು ಸುನಂದಾ ತುರಿದು ಎರಡು ದೊಡ್ಡ ತಾಟು ಕೊಬ್ಬರಿ ವಡಿ ಮಾಡಿದಳು. ಮರುದಿನ ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಡ್ಯಾರೆನ್‌ಗೆ ವಿದಾಯದ ಬಾರ್ಬೆಕ್ಯೂ ಇತ್ತು. ಹಳೆಯ ಟೋಪಿ ಹಾಕಿಕೊಂಡು ಹೊರಟೆ. ಸುನಂದಾ ವಡಿಯ ಡಬ್ಬಿ ಹಿಡಿದು ಕಾರಿನಲ್ಲಿ ಕೂತಿದ್ದಳು. ಆ ಕಾಯಿಯ ವಡಿಯನ್ನು ಅವನಿಗೇ ತಿನ್ನಿಸುವುದು ಅನ್ಯಾಯ ಎಂದೆ. "ಪ್ರಸಾದಕ್ಕ ನ್ಯಾಯ ಅನ್ಯಾಯ ಎಲ್ಲಿಂದ ಬಂತ್ರಿ, ಗಾಡಿ ಬಿಡ್ರಿ" ಎಂದಳು.

ಡ್ಯಾರೆನ್ ಒಂದು ತಿಂದ, ಎರಡು ತಿಂದ. ಮೂರನೆಯದನ್ನು ಕೈಯಲ್ಲಿ ಹಿಡಿದು ಏನು ವಿಶೇಷ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಸುನಂದಾ ತನ್ನ ಇಂಗ್ಲಿಷಿನಲ್ಲಿ, ಇದು ಗುಡಿಯದು, ನಮ್ಮವರು ನಿನ್ನ ಹೆಸರಿನಲ್ಲಿ ದೇವರಿಗೆ ಬೇಡಿಕೊಂಡಿದ್ದರು ಎಂದುಬಿಟ್ಟಳು. ಒಂದಕ್ಷರವೂ ಸುಳ್ಳಲ್ಲ. ಡ್ಯಾರೆನ್ ನನ್ನನ್ನೇ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, ತನ್ನ ಎಂಟು ವರ್ಷದ ಮಗಳು ಅವಳ ತಾಯಿಯ ಜೊತೆ ಮೆಲ್ಬರ್ನಿನಲ್ಲಿರುವುದನ್ನು ಹೇಳಿದ. ಎರಡು ವರ್ಷದಿಂದ ಅಲ್ಲಿಗೆ ಹೋಗಲು ಬಿಡಿ ಎಂದು ಕ್ಲಬ್ಬನ್ನು ಕೇಳುತ್ತಲೇ ಇದ್ದನಂತೆ, ಬಿಟ್ಟಿರಲಿಲ್ಲವಂತೆ. ಈ ವರ್ಷ ಏನಾಯಿತೋ, ಅವರೇ ಕರೆದು ಹೋಗು ಎಂದರಂತೆ. "ಸೋ ಇಟ್ ವಾಸ್ ಯೂ, ಮಿಸ್ಟರ್ ಕೆ" ಎಂದವನೇ ನನ್ನನ್ನು ತಬ್ಬಿಕೊಂಡ. ಪೈಪು ತಿರುವಿ ತಿರುವಿ ಗಟ್ಟಿಯಾದ ಕೈ, ಬೆನ್ನಿನ ನೆಟಿಗೆ ಮುರಿಯಿತು. ನಿಜ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ "ಇರಲಿ, ಇರಲಿ" ಎಂಬ ಮಾತೇ ಹೊರಬಂತು. ಮಾಡದ ಉಪಕಾರಕ್ಕೆ ಕೃತಜ್ಞತೆ ಸ್ವೀಕರಿಸುವಾಗ ಮುಖ ಎಷ್ಟು ವಿನಯದಿಂದ ಇರುತ್ತದೆ ಎನ್ನುವುದಕ್ಕೆ ಸಾಕ್ಷಿಯಾಗಿ ಅನಘಾ ತೆಗೆದ ಫೋಟೋ ಇದೆ. ಅದನ್ನು ಸುನಂದಾ ಫ್ರಿಜ್ ಮೇಲೆ ಅಂಟಿಸಿದ್ದಾಳೆ.

ಬೇಸಿಗೆ ಬಂತು. ಮೊದಲ ಪಂದ್ಯಕ್ಕೆ ಮೆಲ್ಬರ್ನಿನವರು ನಮ್ಮಲ್ಲಿಗೇ ಬಂದರು. ಮೆಲ್ವಿನ್ ಕೂಡ ಬಂದಿದ್ದ. ಹೊಸ ಪ್ಲಾಸ್ಟಿಕ್ ಕುರ್ಚಿ ಮರದ ಬೆಂಚಿಗಿಂತ ಬಹಳ ಸುಖವಾಗಿತ್ತು, ಅದನ್ನು ನಾನು ಯಾರಿಗೂ ಹೇಳಿಲ್ಲ. ತಂದೆಯ ಹೆಸರು ಬರೆದ ಟೋಪಿ ಹಾಕಿಕೊಂಡ ಪುಟ್ಟ ಹುಡುಗಿಯೊಬ್ಬಳು ಬೇಲಿ ಹಿಡಿದು ನಿಂತಿದ್ದಳು. ಡ್ಯಾರೆನ್ ಮೊದಲು ಅವಳಿಗೆ ಕೈಯೆತ್ತಿದ, ಆಮೇಲೆ ನನಗೆ. ಎಲ್ಲಿದ್ದರೂ ಚೆನ್ನಾಗಿರಲಿ ಎಂದು ಮನಸಾರೆ ಅಂದುಕೊಂಡೆ. ಹಾಗೆ ಅಂದುಕೊಂಡದ್ದು ಸುಮಾರು ಇಪ್ಪತ್ತು ನಿಮಿಷ ಬಾಳಿತು. ಅಷ್ಟರಲ್ಲಿ ಅವನು ನಮ್ಮ ಆರು ಜನರನ್ನು ಸಾಲಾಗಿ ಔಟ್ ಮಾಡಿದ್ದ. ಏಳನೆಯವನು ಬ್ಯಾಟು ಹಿಡಿದು ಬರುವಾಗ ನನಗೆ ಅರಿವಿಲ್ಲದೆಯೇ ಎರಡೂ ಕೈ ಜೋಡಿಕೊಂಡವು. "ಗಣಪ್ಪಾ, ಇವನ ಕೈ ಏನಾದರೂ..." ಎನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ಸುನಂದಾ ಹೊಸದಾಗಿ ಮಾಡಿ ತಂದಿದ್ದ ಕೊಬ್ಬರಿ ವಡಿಯೊಂದನ್ನು ಡಬ್ಬಿಯಿಂದ ತೆಗೆದು ನನ್ನ ಬಾಯಿಗೆ ತುರುಕಿದಳು.

ಮಾತು ಪೂರ್ತಿಯಾಗಲಿಲ್ಲ, ನಿಜ. ಆದರೂ ಆ ಕಿವಿಯ ಗಾತ್ರ ನೆನೆದರೆ ನಿದ್ದೆ ಬರುವುದಿಲ್ಲ. ಅರ್ಧ ಹರಕೆಗೆ ಎಷ್ಟು ಕಾಯಿ ಎಂದು ಭಟ್ಟರನ್ನು ಕೇಳಬೇಕೆಂದಿದ್ದೇನೆ.