ತಮ್ಮ ಪರೀಕ್ಷೆಯ ಅಜ್ಜನೊಬ್ಬನನ್ನು ನಮ್ಮ ಮನೆಗೆ ಕಳಿಸಿಕೊಡುವ ಬಗ್ಗೆ

ಕೃತಕ ಬುದ್ಧಿಯ ಸಹಾಯಕರಿಗೆಲ್ಲ ಏಕರೂಪ ಪರೀಕ್ಷೆ ನಡೆಸಿ ಮುದ್ರೆ ಒತ್ತುವ ಮಂಡಳಿಯ ಅಧ್ಯಕ್ಷರಾದ ಮಾನ್ಯರೇ,

ಶಾಲೆಯಲ್ಲಿ ಗಣಿತ ಕಲಿಸುವ, ಮನೆಯಲ್ಲಿ ಸೊಸೆಯಾಗಿರುವ ನಾನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳಬೇಕಿತ್ತು. ಆದರೆ ಹಾಗೆ ಕೇಳಿದವರಿಗೆ ತಮ್ಮ ರಾಜ್ಯಭಾರದಲ್ಲಿ ಏನಾಗುತ್ತದೆಂದು ಕಣ್ಣಾರೆ ಕಂಡಿರುವುದರಿಂದ ಕೇಳುವ ಧೈರ್ಯ ಮಾಡುತ್ತಿಲ್ಲ.

ನಮ್ಮ ಮಾವನವರು ಗಡಿಯಾರ ರಿಪೇರಿಯವರು. ಒಂದು ಕಣ್ಣು ಎಂದೋ ಹೋಯಿತು, ಉಳಿದದ್ದಕ್ಕೆ ಪೊರೆ ಬಂದಿದೆ. ಈಗ ಗಡಿಯಾರವನ್ನು ಕಿವಿಗೆ ಹಿಡಿದು ಕಾಯಿಲೆ ಹೇಳುತ್ತಾರೆಯೇ ಹೊರತು ಬಿಚ್ಚಿ ವಾಸಿಮಾಡಲು ಆಗುತ್ತಿಲ್ಲ. ಕಣ್ಣಾಸ್ಪತ್ರೆಯವರು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದರು. ಬರುವುದು ಖಚಿತವೇ ಎಂದು ಕೇಳಲು ಹಿಂದಿನ ದಿನ ಆಸ್ಪತ್ರೆಯ ಪರವಾಗಿ, ತಮ್ಮ ಮುದ್ರೆ ಪಡೆದ ಯಂತ್ರ ಸಹಾಯಕಿಯವರು ಇಂಪಾದ ದನಿಯಲ್ಲಿ ಫೋನ್ ಮಾಡಿದರು. ಹೌದು ಅಥವಾ ಇಲ್ಲ ಎಂದರೆ ಸಾಕಿತ್ತು. ಆದರೆ ಕುಶಲ ವಿಚಾರಿಸದೆ ಕೆಲಸದ ಮಾತಿಗೆ ಇಳಿಯುವುದು ನಮ್ಮ ಮಾವನವರ ಜಾಯಮಾನದಲ್ಲೇ ಇಲ್ಲ.

"ಊಟ ಆಯ್ತಾ ತಾಯಿ? ಬೆಳಗ್ಗೆಯಿಂದ ಎಷ್ಟು ಜನರ ಹತ್ರ ಮಾತಾಡಿದ್ದೀಯೋ ಏನೋ. ಒಂದು ಲೋಟ ನೀರು ಕುಡಿದು ಬಾ, ನಾನು ಕಾಯ್ತೀನಿ," ಎಂದು ಹೇಳಿ, ನಿಜಕ್ಕೂ ಕಾದರು.

ಸಹಾಯಕಿಯವರು ನೀರು ಕುಡಿಯಲಿಲ್ಲ. ರೋಗಿಯ ಬುದ್ಧಿ ಸ್ತಿಮಿತದಲ್ಲಿಲ್ಲವೆಂದು ಬರೆದುಕೊಂಡು, ಶಸ್ತ್ರಚಿಕಿತ್ಸೆಯನ್ನು ರದ್ದುಮಾಡಿ, ಮೊದಲು ನೆನಪಿನ ಶಕ್ತಿಯ ಪರೀಕ್ಷೆ ಆಗಲಿ ಎಂದು ಅಪ್ಪಣೆ ಕೊಡಿಸಿದರು. ಫೋನಿನಲ್ಲಿ ಆ ಪರೀಕ್ಷೆ ನಡೆಸಲು ಬಂದವರೂ ಅವರೇ. ಮಾವನವರು ದನಿ ಗುರುತು ಹಿಡಿದು, ಅವತ್ತು ನೀರು ಕುಡಿದೆಯೋ ಇಲ್ಲವೋ ಎಂದು ಕಾಳಜಿಯಿಂದ ವಿಚಾರಿಸಿದರು. ನೆನಪಿನ ಶಕ್ತಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ? ನಪಾಸು.

ಆಸ್ಪತ್ರೆಗೆ ಹೋಗಿ ಕೇಳಿದರೆ, ಕೌಂಟರಿನ ಗುಮಾಸ್ತರು ತಲೆಯೆತ್ತದೆ, ಅದು ಮಂಡಳಿಯ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದ ಯಂತ್ರ, ತಪ್ಪು ನಿಮ್ಮ ಮಾವನವರದ್ದೇ ಇರಬೇಕು ಎಂದರು. ಕುತೂಹಲ ತಡೆಯದೆ ತಮ್ಮ ಪರೀಕ್ಷಾ ಪದ್ಧತಿಯನ್ನು ತರಿಸಿ ಓದಿ ಧನ್ಯಳಾದೆ. ಸಹಾಯಕಿಯವರನ್ನು ಸಾವಿರಾರು ಅಜ್ಜಂದಿರ ಜೊತೆ ಮಾತನಾಡಿಸಿದ್ದೀರಿ, ಆದರೆ ಆ ಅಜ್ಜಂದಿರೂ ಯಂತ್ರಗಳೇ, ಅದೇ ಕಂಪನಿಯ ಕೂಸುಗಳೇ. ಅವರಿಗೆ ಕೆಮ್ಮಿಲ್ಲ, ಕಿವುಡಿಲ್ಲ, ಹಳೆಯ ಕಥೆಯಿಲ್ಲ. ರೋಗಿ ಸಂಖ್ಯೆ ಬಾಯಿಪಾಠ. ಅಂಕ ಕೊಟ್ಟವರೂ ಆ ಮನೆತನದವರೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದನ್ನು ಕೇಳಿದ್ದೆ, ಹೆಗ್ಗಣಗಳೇ ಕೂತು ಒಂದಕ್ಕೊಂದು ಪದಕ ಹಾಕುವುದನ್ನು ಈಗ ನೋಡಿದೆ. ನನ್ನ ತರಗತಿಯಲ್ಲಿ ಅಕ್ಕನ ಉತ್ತರಪತ್ರಿಕೆಯನ್ನು ತಂಗಿಯಿಂದ ತಿದ್ದಿಸಿದರೆ ನನ್ನನ್ನು ಮನೆಗೆ ಕಳಿಸುತ್ತಾರೆ. ತಾವು ಅದಕ್ಕೆ ಏಕರೂಪತೆ ಎಂದು ಹೆಸರಿಟ್ಟು ಶಾಲು ಹೊದೆಸಿಕೊಂಡಿದ್ದೀರಿ.

ಕ್ಷಮಿಸಿ, ನನಗೆ ಸಿಟ್ಟು ಬಂದಿದೆ. ಪೊರೆ ಗಟ್ಟಿಯಾಗುತ್ತಿದೆ, ಇನ್ನೂ ತಡಮಾಡಿದರೆ ಕಷ್ಟ ಎಂದು ಕಣ್ಣಿನ ವೈದ್ಯರೇ ಹೇಳಿದ್ದಾರೆ, ಆದರೆ ದಿನ ಕೊಡುವುದು ಅವರ ಕೈಯಲ್ಲಿಲ್ಲವಂತೆ.

ಆದಕಾರಣ ತಮ್ಮ ಪರೀಕ್ಷೆಯ ಅಜ್ಜಂದಿರಲ್ಲಿ ಒಬ್ಬರನ್ನು ಒಂದೇ ಒಂದು ಫೋನ್ ಕರೆಯ ಮಟ್ಟಿಗೆ ನಮ್ಮ ಮನೆಗೆ ಎರವಲು ಕೊಡಬೇಕಾಗಿ ಪ್ರಾರ್ಥನೆ. ಅವರು ಹೌದು ಎಂದು ಹೇಳಿ ಹೊರಟರೆ ಸಾಕು. ಅಷ್ಟು ಹೊತ್ತು ನಮ್ಮ ಮಾವನವರನ್ನು ತಮ್ಮ ಮಂಡಳಿಗೆ ಪರೀಕ್ಷಕರಾಗಿ ಕಳಿಸುತ್ತೇವೆ. ಅದು ಆಗದಿದ್ದಲ್ಲಿ, ಹುಟ್ಟುವ ಮಕ್ಕಳೆಲ್ಲ ಹೌದು, ಇಲ್ಲ ಎಂದಷ್ಟೇ ಅಳುವಂತೆ ಸುತ್ತೋಲೆಯನ್ನಾದರೂ ಹೊರಡಿಸಬೇಕು.

ಕುಶಲ ಕೇಳದೆಯೇ ಮುಗಿಸುತ್ತಿರುವ,
ತಮ್ಮ ವಿಶ್ವಾಸಿ,
ನಪಾಸಾದವರ ಸೊಸೆ

ತಾ.ಕ.: ಸೇವೆಗೆ ಒಂದರಿಂದ ಐದರೊಳಗೆ ಅಂಕ ಒತ್ತಿರೆಂದು ಸಹಾಯಕಿಯವರು ಇಂದು ಮತ್ತೆ ಫೋನ್ ಮಾಡಿದ್ದರು. ಮಾವನವರು ಐದನ್ನು ಒತ್ತಿದರು. ತಾವು ಹಿಗ್ಗುವ ಮೊದಲು ಒಂದು ಮಾತು: ಅವರ ಹಳೆಯ ಫೋನಿನಲ್ಲಿ ಐದರ ಗುಂಡಿಯ ಮೇಲೆ ಮಾತ್ರ ಬೆರಳಿಗೆ ತಾಗುವ ಸಣ್ಣ ಉಬ್ಬಿದೆ, ಕಣ್ಣು ಕಾಣದವರಿಗೆ ಸಿಗುವುದು ಅದೊಂದೇ. ಆ ಆಸ್ಪತ್ರೆಯಲ್ಲಿ ದಿನಕ್ಕಾಗಿ ಕಾಯುತ್ತಿರುವವರೆಲ್ಲ ಕಣ್ಣು ಕಾಣದವರೇ ಆದ್ದರಿಂದ, ಕಾಯಿಸಿದಷ್ಟೂ ತಮ್ಮ ಅಂಕ ಏರುತ್ತಲೇ ಇರುತ್ತದೆ.