ನಾಲ್ಕನೇ ಸಬ್ಜೆಕ್ಟಿಗೆ ಹೂವಿನ ಪ್ರಸಾದ

ಸೀರೆ ಅಂಗಡಿಯಲ್ಲಿ ಅರ್ಧ ಆಯಸ್ಸು ಕಳೆದ ಮನುಷ್ಯನಿಗೆ ಯಾರೂ ಹೇಳಿಕೊಡದೆಯೇ ಒಂದು ಬುದ್ಧಿ ಬಂದಿರುತ್ತದೆ. ಬೇರೆಯವರಿಗೆ ಯಾವುದನ್ನೂ ಆರಿಸಿಕೊಡಬಾರದು. ದಾವಣಗೆರೆಯ ಜವಳಿ ಅಂಗಡಿಯೊಂದರ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ಬಿಚ್ಚಿ ಬೆನ್ನು ಬಗ್ಗಿಸಿಕೊಂಡ ವಿಜಯಕುಮಾರರಿಗೂ ಈ ಬುದ್ಧಿ ಬಂದಿತ್ತು. "ಅಣ್ಣಾರೆ, ಹಸಿರಿಂದು ಚೆನ್ನಾಗೈತೋ ನೇರಳೆದೋ, ನೀವೇ ಹೇಳ್ರಿ" ಎಂದು ಎಂಥ ಗಿರಾಕಿ ಗೋಗರೆದರೂ ಅವರದು ಒಂದೇ ಉತ್ತರ: "ಎರಡೂ ಚೆನ್ನಾಗೈದಾವ್ರಿ ಅಕ್ಕಾರೆ." ಹಸಿರು ಅಂದರೆ ನಾಳೆ ಅದರ ಬಣ್ಣ ಬಿಟ್ಟಾಗ ಅಕ್ಕಾರೆ ಗಂಡನ ಸಮೇತ ಬಂದು ಬೈಯುತ್ತಾರೆ. ನೇರಳೆ ಅಂದರೆ ಅತ್ತೆಯ ಸಮೇತ ಬರುತ್ತಾರೆ. (ಗಂಡನನ್ನು ಹೇಗೋ ಸುಧಾರಿಸಬಹುದು.)

ಅಂಗಡಿಯಲ್ಲಿ ಇಷ್ಟು ವರ್ಷ ಅನ್ನ ಹಾಕಿದ ಈ ಮಂತ್ರ ಎಸ್.ಎಸ್. ಬಡಾವಣೆಯ ಸ್ವಂತ ಮನೆಯಲ್ಲಿ ಮಾತ್ರ ಕೈಕೊಟ್ಟಿತು.

ಮಗಳು ಸ್ವಾತಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಳು. ಅಲ್ಲಿಂದಲೇ ಕಷ್ಟ ಶುರುವಾಯಿತು. ಕಡಿಮೆ ಬಂದಿದ್ದರೆ ಸಿಕ್ಕಿದ್ದಕ್ಕೆ ಸೇರಿಸಿ ಸುಮ್ಮನಾಗಬಹುದಿತ್ತು, ಈಗ ಆರಿಸಬೇಕು. ಪಿಯುಸಿಗೆ ಸೈನ್ಸ್ ಎಂಬುದರಲ್ಲಿ ತಕರಾರಿರಲಿಲ್ಲ. ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು, ಈ ಮೂರರ ಮೇಲೂ ಯಾರಿಗೂ ದ್ವೇಷವಿರಲಿಲ್ಲ. ಮಹಾಯುದ್ಧವೆಲ್ಲ ನಾಲ್ಕನೆಯದರ ಮೇಲೆ. ಬಯಾಲಜಿ ತೆಗೆದುಕೊಂಡರೆ ಮುಂದೆ ಡಾಕ್ಟರು, ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡರೆ ಮುಂದೆ ಎಂಜಿನಿಯರು. ಹದಿನಾರು ವರ್ಷದ ಹುಡುಗಿ ಯಾವ ವಿಶ್ವವಿದ್ಯಾಲಯದ ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಎಂಬುದು ಆ ನಾಲ್ಕನೇ ಸಬ್ಜೆಕ್ಟಿನ ಕೈಯಲ್ಲಿತ್ತು.

ಬಯಾಲಜಿ ಪಕ್ಷದ ದಂಡನಾಯಕಿ ಹೆಂಡತಿ ಸುಧಾ. ಆಕೆಯ ಮಂಡಿನೋವು ಹಳೆಯದು, ಡಾಕ್ಟರರ ಮನೆಯ ಬೆಂಚೂ ಹಳೆಯದು. "ಎರಡು ತಾಸು ಕಾಯಿಸಿ ಎರಡು ನಿಮಿಷ ನೋಡ್ತಾರೆ. ಆ ಕುರ್ಚಿ ಮೇಲೆ ನನ್ನ ಮಗಳು ಕೂತ್ಕಬೇಕು, ಅವರೆಲ್ಲ ಹೊರಗೆ ಬೆಂಚಿನ ಮೇಲೆ ಕೂತ್ಕಬೇಕು" ಎನ್ನುವುದು ಆಕೆಯ ಶಿಕ್ಷಣ ನೀತಿ.

ಕಂಪ್ಯೂಟರ್ ಪಕ್ಷದ ನಾಯಕ ಆಕೆಯ ಸ್ವಂತ ತಮ್ಮ, ಹರಿಹರದಲ್ಲಿ ಲೇತ್ ಅಂಗಡಿ ಇಟ್ಟಿರುವ ಪರಶುರಾಮ್. ಭಾನುವಾರ ಬಂದರೆ ಅವನು ಚಪ್ಪಲಿ ಬಿಡುವ ಮೊದಲೇ ಶುರು.

"ಅಕ್ಕಾ, ನನ್ನ ಲೇತ್ ಮಷಿನ್ನಿಗೂ ಈಗ ಕಂಪ್ಯೂಟರ್ ಬಂದೈತೆ. ಒಂದು ಬೋಲ್ಟ್ ಕೊರೀಬೇಕಂದ್ರೂ ಕೀಲಿ ಒತ್ತಬೇಕು. ನೀನಿನ್ನೂ ಕಪ್ಪೆ ಕೊಯ್ಯೋ ಕಾಲದಾಗೆ ಇದೀಯಲ್ಲ!"

"ನಿನ್ನ ಕಂಪ್ಯೂಟರಿಗೆ ಜ್ವರ ಬಂದ್ರೆ ತಿಂಡಿ ತಿನ್ನಿಸಿ ಮಾತ್ರೆ ಕೊಡ್ತೀಯೇನೋ? ಮನುಷ್ಯರಿಗೆ ಕಾಯಿಲೆ ಬರೋದು ಯಾವತ್ತೂ ನಿಲ್ಲಲ್ಲ, ತಿಳ್ಕೋ."

"ಡಾಕ್ಟರ್ ಆಗೋ ಹೊತ್ತಿಗೆ ಹುಡುಗಿ ತಲೆ ಬೆಳ್ಳಗಾಗ್ತೈತಕ್ಕ!"

"ಬಣ್ಣ ಹಚ್ಕೋತಾಳೆ, ನಿಂಗೇನು?"

ಇಷ್ಟಾದ ಮೇಲೆ ಇಬ್ಬರೂ ಒಟ್ಟಿಗೆ ತಿರುಗುತ್ತಿದ್ದುದು ಮೂಲೆಯಲ್ಲಿ ಪೇಪರಿನ ಹಿಂದೆ ಅಡಗಿದ ವಿಜಯಕುಮಾರರ ಕಡೆಗೆ.

"ಭಾವಾ, ನೀವೇ ಹೇಳ್ರಿ."

"ಎರಡೂ ಚೆನ್ನಾಗೈದಾವೆ" ಎಂದರು ವಿಜಯಕುಮಾರರು.

ಆಮೇಲೆ ಆ ಮನೆಯಲ್ಲಿ ಬೆಳಿಗ್ಗೆ ಮಾಡಿದ ಸಾರೇ ಸಂಜೆಗೂ ಬರತೊಡಗಿತು. ಒಗ್ಗರಣೆ ಡಬ್ಬಿಯ ಸದ್ದೇ ಕೇಳದಂತಾಯಿತು. ಸುಧಾ ಗಂಡನೊಡನೆ ನೇರವಾಗಿ ಮಾತಾಡುವುದನ್ನು ಬಿಟ್ಟು ಗ್ಯಾಸ್ ಸ್ಟೋವಿನ ಮೂಲಕ ಮಾತಾಡತೊಡಗಿದಳು: "ಕೆಲವರಿಗೆ ಮಗಳ ಭವಿಷ್ಯಾನೂ ಒಂದೇ, ಬ್ಲೌಸ್ ಪೀಸೂ ಒಂದೇ." ವಿಜಯಕುಮಾರರಿಗೆ ನಿಜಕ್ಕೂ ದಣಿವಾಗಿತ್ತು. ಅಂಗಡಿಯಲ್ಲಿ ನಿಂತರೆ ಕಾಲು ನೋವು, ಮನೆಯಲ್ಲಿ ಕೂತರೆ ತಲೆ ನೋವು. ಒಮ್ಮೆ ಧೈರ್ಯ ಮಾಡಿ ಸ್ವಾತಿಯನ್ನೇ ಕೇಳಿದ್ದರು. ಅವಳು ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾ, "ನೋಡೋಣ ಬಿಡ್ರಿ ಅಪ್ಪಾಜಿ" ಎಂದಿದ್ದಳು. ಪಾಪ, ನನ್ನ ಹಾಗೇ ಮಗು, ಆರಿಸಲು ಹೆದರುತ್ತದೆ ಎಂದುಕೊಂಡು ಅವರು ಸುಮ್ಮನಾಗಿದ್ದರು.

ಕಾಲೇಜಿಗೆ ಸೇರಲು ಸೋಮವಾರ ಕಡೇ ದಿನ. ಶನಿವಾರ ಕೊಕ್ಕನೂರಿನಿಂದ ಅವರ ತಾಯಿ ಕೊಟ್ರವ್ವ ಫೋನ್ ಮಾಡಿದಳು. ಕೊಟ್ರವ್ವ ಕಿರಿಯ ಮಗನ ಜೊತೆ ಊರಲ್ಲೇ ಇದ್ದು, ಇವತ್ತಿಗೂ ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ಆಳುಗಳಿಗೆ ಜೋರು ಮಾಡುವ ಗಟ್ಟಿ ಹೆಂಗಸು.

"ವಿಜೀ, ಯಾಕೋ ಹಿಂಗೆ ಕಿತ್ತಾಡ್ತೀರಿ? ಹಳ್ಳದ ಚೌಡಮ್ಮನ ಹತ್ರ ಹೂವಿನ ಪ್ರಸಾದ ಕೇಳಾನ. ತಾಯಿ ಬಲಕ್ಕೆ ಕೊಟ್ರೆ ಹೌದು, ಎಡಕ್ಕೆ ಕೊಟ್ರೆ ಬ್ಯಾಡ. ನಾಳೆ ಎಲ್ಲಾರೂ ಬರ್ರಿ."

ವಿಜಯಕುಮಾರರ ಮುಖ ಅರಳಿತು. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ! ದೇವಿ ಹೇಳಿದ ಮೇಲೆ ಸುಧಾ ಕೂಡ ಎದುರಾಡುವಂತಿಲ್ಲ. ಮುಂದೆ ಏನಾದರೂ ಎಡವಟ್ಟಾದರೆ ಬೈಗುಳವೂ ನೇರ ಚೌಡಮ್ಮನ ವಿಳಾಸಕ್ಕೆ. ಇಂಥ ಸಂಸ್ಥೆಯೊಂದು ಊರಲ್ಲೇ ಇರುವಾಗ ತಾವು ವೃಥಾ ಪೇಪರಿನ ಹಿಂದೆ ಅಡಗಿದ್ದಕ್ಕೆ ಅವರಿಗೆ ನಾಚಿಕೆಯಾಯಿತು.

ಭಾನುವಾರ ಪರಶುರಾಮನ ಹಳೇ ಓಮ್ನಿಯಲ್ಲಿ ಹೊರಟರು. ಹರಿಹರ ದಾಟುವವರೆಗೆ ಅಕ್ಕತಮ್ಮ ಮಾತು ಬಿಟ್ಟಿದ್ದರು. ಮಲೆಬೆನ್ನೂರಿನಲ್ಲಿ ಭತ್ತದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಹಾಕಿಕೊಂಡಾಗ ಬೇಸರ ತಡೆಯಲಾರದೆ ಮತ್ತೆ ಜಗಳ ಶುರುಮಾಡಿದರು. ವಿಜಯಕುಮಾರರು ಮಾತ್ರ ತಲೆಯ ಭಾರ ಆಗಲೇ ಇಳಿಸಿದವರ ಹಾಗೆ ಕಿಟಕಿಗೆ ಒರಗಿ ತೂಕಡಿಸಿದರು.

ಗುಡಿಯ ಪೂಜಾರಿ ಮೈಲಪ್ಪ ವಿಷಯ ಕೇಳಿ ತಲೆ ಕೆರೆದುಕೊಂಡ. "ಬೋರ್ ಪಾಯಿಂಟ್ ಕೇಳೀನಿ, ಹೆಣ್ಣು-ಗಂಡು ಕೇಳೀನಿ, ಎಮ್ಮೆ ಕಳದದ್ದು ಕೇಳೀನಿ. ಸಬ್ಜೆಕ್ಟು ಇದೇ ಮೊದ್ಲು. ಇರ್ಲಿ, ಕೂಡ್ರಿ. ಮೂರು ಸಲ ಕೇಳಬಹುದು. ಅದರ ಮ್ಯಾಲೆ ಕೇಳಿದ್ರೆ ತಾಯಿ ಸಿಟ್ಟಾಗ್ತಾಳೆ."

ಹೂವುಗಳನ್ನು ನೀರಿನಲ್ಲಿ ಅದ್ದಿ ದೇವಿಯ ಎರಡೂ ಭುಜಕ್ಕೆ ಅಂಟಿಸಿದ. ಪರಶುರಾಮ್ ಒಮ್ಮೆ ಮೇಲೆ, ಒಮ್ಮೆ ಬಲಗಡೆಯ ಗೋಡೆ ನೋಡಿ, "ಮೈಲಪ್ಪಜ್ಜಾ, ತಾಯಿಗೆ ಸೆಕೆ ಆಗ್ತೈತೆ, ಆ ಫ್ಯಾನ್ ಹಾಕ್ರಿ" ಎಂದ. ಫ್ಯಾನು ಎಡಗಡೆಯ ಹೂವಿಗೇ ಗಾಳಿ ಬೀಸುವಂತಿತ್ತು.

"ಹಾಕಬ್ಯಾಡ್ರಿ!" ಸುಧಾ ಕೂಗಿದಳು. "ನಾನು ಕೇಳೋವಾಗ ಬ್ಯಾಡ. ಇವನು ಕೇಳೋವಾಗ ಹಾಕ್ರಿ."

"ಕರೆಂಟೇ ಇಲ್ಲ, ಸುಮ್ನೆ ಕೈ ಮುಗೀರಿ" ಎಂದ ಮೈಲಪ್ಪ.

ಸುಧಾ ಸೆರಗು ಹೊದ್ದು ಕಣ್ಣು ಮುಚ್ಚಿದಳು. "ತಾಯೀ, ನನ್ನ ಮಗಳು ಬಯಾಲಜಿ ತಗೊಂಡು, ದೊಡ್ಡ ಡಾಕ್ಟರಾಗಿ, ಕುತ್ತಿಗಿಗೆ ಸ್ಟೆತಾಸ್ಕೋಪ್ ಹಾಕ್ಕೊಂಡು, ಆ ಕುರ್ಚಿ ಮೇಲೆ ಕೂಡ್ಲಾ? ಬಲಕ್ಕೆ ಕೊಡವ್ವಾ." ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಡಗಡೆಯ ಒಂದು ಹೂವು ಮೆಲ್ಲಗೆ ಜಾರಿ ಕೆಳಗೆ ಬಿತ್ತು.

ಪರಶುರಾಮನಿಗೆ ಹಿಗ್ಗೋ ಹಿಗ್ಗು. "ಈಗ ನಾನು! ತಾಯೀ, ಹುಡುಗಿ ಕಂಪ್ಯೂಟರ್ ಸೈನ್ಸ್ ತಗೊಂಡು ಎಂಜಿನಿಯರ್ ಆಗ್ಲಾ?" ಅವನು ಮಾತು ಮುಗಿಸುವ ಮುಂಚೆಯೇ ಎಡಗಡೆಯ ಇನ್ನೊಂದು ಹೂವು ಬಿತ್ತು.

"ಆತೇನೋ ಸಮಾಧಾನ? ಎಲ್ಲಾ ನಿನ್ನಿಂದಲೇ" ಎಂದಳು ಸುಧಾ.

"ನಿಂದು ಬಿದ್ದಿದ್ದೂ ನನ್ನಿಂದಲಾ?"

ವಿಜಯಕುಮಾರರಿಗೆ ಗಾಬರಿಯಾಯಿತು. ಎರಡೂ ಬೇಡ ಅಂದರೆ ಮಗಳು ನಾಳೆ ಎಲ್ಲಿಗೆ ಸೇರಬೇಕು? ಅಷ್ಟರಲ್ಲಿ ಇಷ್ಟು ದಿನ ಬಾಯಿ ಬಿಡದಿದ್ದ ಸ್ವಾತಿ ಮುಂದೆ ಬಂದಳು.

"ಅಜ್ಜಾ, ಅಪ್ಪಾಜಿ ಏನು ಹೇಳ್ತಾರೋ ಅದೇ ಕೊನೇ ಮಾತಾಗ್ಲಾ ಅಂತ ಕೇಳ್ರಿ."

ಮೈಲಪ್ಪ ಗಂಟೆ ಬಾರಿಸಿದ. ಬಲಗಡೆಯಿಂದ ಒಂದಲ್ಲ, ಅಂಟಿಸಿದ್ದ ಹೂವೆಲ್ಲ ದಬಕ್ಕನೆ ಉದುರಿತು. ಕೊಟ್ರವ್ವ ಗಲ್ಲ ಬಡಿದುಕೊಂಡಳು. ಸುಧಾ ಮತ್ತು ಪರಶುರಾಮ್ ಅಡ್ಡಬಿದ್ದರು. ವಿಜಯಕುಮಾರರು ಮಾತ್ರ ನಿಂತಲ್ಲೇ ಬೆವತರು. ದೇವಿಯ ತಲೆಗೆ ಕಟ್ಟಲು ತಂದಿದ್ದ ಗಂಟನ್ನು ದೇವಿ ವಾಪಸ್ಸು ಅವರ ತಲೆಗೇ ಕಟ್ಟಿದ್ದಳು. ಇನ್ನು ಈ ಹುಡುಗಿ ಒಂದು ಟೆಸ್ಟಿನಲ್ಲಿ ಕಡಿಮೆ ತೆಗೆದರೂ, ಸೀಟು ಸಿಗದಿದ್ದರೂ, ಸೀಟು ಸಿಕ್ಕಿ ಕೆಲಸ ಸಿಗದಿದ್ದರೂ, ಕೆಲಸ ಸಿಕ್ಕಿ ಗಂಡು ಸಿಗದಿದ್ದರೂ, ಎಲ್ಲದಕ್ಕೂ ಒಬ್ಬನೇ ಆರೋಪಿ.

ಊಟಕ್ಕೆಂದು ಕೊಟ್ರವ್ವನ ಮನೆಗೆ ಬಂದರೆ ಅಲ್ಲಿ ಇನ್ನೊಂದು ಬಗೆಯ ಹಿಂಸೆ. ಸುಧಾ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ, "ತಿನ್ರಿ, ಎಷ್ಟು ಸೊರಗೀರಿ" ಎಂದಳು. ಪರಶುರಾಮ್ ಮಜ್ಜಿಗೆ ತಂದು, "ಭಾವಾ, ನಿಮ್ಮಂಥ ತಿಳುವಳಿಕಸ್ತರು ನಮ್ಮ ಬಳಗದಾಗೇ ಇಲ್ಲ" ಎಂದ. ಕೈತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದ ವಿಜಯಕುಮಾರರು ದನದ ಕೊಟ್ಟಿಗೆಯಲ್ಲಿ ಅಡಗಿದರು. ಹಿಂದೆಯೇ ಸ್ವಾತಿ ಬಂದಳು.

"ಅಲ್ಲವ್ವಾ, ನನ್ನ ಯಾಕ ಹಿಂಗೆ ಸಿಗಿಸಿದೆ?"

"ಬಯಾಲಜಿ ಅಂತ ಹೇಳ್ಬಿಡ್ರಿ ಅಪ್ಪಾಜಿ."

"ನಿಂಗೂ ಅದೇ ಬೇಕಾ? ಹಂಗಾದ್ರೆ ನಿಮ್ಮಮ್ಮನ ಕಡೆ ಅಂತ ಮೊದ್ಲೇ ಹೇಳಿದ್ರೆ ಆಗ್ತಿತ್ತಲ್ಲ!"

ಸ್ವಾತಿ ಕರುವಿನ ಕುತ್ತಿಗೆ ತುರಿಸತೊಡಗಿದಳು. "ನಂಗೆ ಡಾಕ್ಟರಾಗೋದು ಬ್ಯಾಡ. ಬಿಎಸ್ಸಿ ಅಗ್ರಿ ಮಾಡ್ಬೇಕು. ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರ್ಬೇಕು. ಅದಕ್ಕೂ ಬಯಾಲಜಿ ಇರಬೇಕು."

ವಿಜಯಕುಮಾರರು ಗೋದಲಿಯ ಅಂಚು ಹಿಡಿದುಕೊಂಡರು. ಹರಿಹರದ ಪೇಟೆಯಲ್ಲಿ ಬೆಳೆದ ಸುಧಾ ಇವರನ್ನು ಒಪ್ಪಿದ್ದೇ ಹುಡುಗ ಹೊಲ ಮನೆ ಬಿಟ್ಟು ದಾವಣಗೆರೆ ಸೇರಿದ್ದಾನೆ, ತಾನು ಸಗಣಿ ಬಾಚಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ. ಆಕೆಯ ಮಗಳು ಈಗ ವಿಶ್ವವಿದ್ಯಾಲಯಕ್ಕೆ ಹೋಗಿ ಸಗಣಿಯಲ್ಲಿ ಪದವಿ ತರುತ್ತಾಳಂತೆ.

"ನಿಮ್ಮಮ್ಮಗೆ ಗೊತ್ತಾದ್ರೆ?"

"ಈಗ ಗೊತ್ತಾದ್ರೆ ಬಯಾಲಜೀನೇ ಬ್ಯಾಡ ಅಂತಾಳೆ. ಎರಡು ವರ್ಷ ಬಿಟ್ಟು ಹೇಳಾನ. ಅವಾಗ ನಾನೇ ಆರಿಸಿದ್ದು ಅಂದ್ರೆ ನನ್ನ ಓದೇ ನಿಲ್ಲಿಸ್ತಾಳೆ. ನೀವು ಆರಿಸಿದ್ದು ಅಂದ್ರೆ ನಿಮ್ಮನ್ನ ಬೈತಾಳೆ ಅಷ್ಟೇ." ಅವಳು ತಲೆ ತಗ್ಗಿಸಿದಳು. "ನಿಮಗೆ ಬೈಸ್ಕೊಂಡು ರೂಢಿ ಐತಲ್ಲ ಅಪ್ಪಾಜಿ. ನಂಗಿಲ್ಲ."

ಇದನ್ನು ಹೊಗಳಿಕೆ ಎಂದುಕೊಳ್ಳಬೇಕೋ ಏನೋ ವಿಜಯಕುಮಾರರಿಗೆ ತಿಳಿಯಲಿಲ್ಲ. ಇಷ್ಟು ದಿನ ಇಷ್ಟು ದೊಡ್ಡ ಆಸೆಯನ್ನು ಒಬ್ಬಳೇ ಹೊತ್ತುಕೊಂಡು ಮಂಡಕ್ಕಿ ತಿನ್ನುತ್ತಿದ್ದಳಲ್ಲ ಎನಿಸಿತು. ತಮ್ಮ ಹಾಗೆ ಎಂದುಕೊಂಡಿದ್ದರು. ಅವಳು ತಮ್ಮ ಹಾಗಿರಲಿಲ್ಲ.

"ಮತ್ತೆ ಚೌಡಮ್ಮ ಎಡಕ್ಕೆ ಕೊಟ್ಟಳಲ್ಲವ್ವಾ?"

"ಅಮ್ಮ ಡಾಕ್ಟರ್ ಅಂತ ಕೇಳಿದ್ಲು, ಕೊಡ್ಲಿಲ್ಲ. ಅಗ್ರಿ ಅಂತ ಅಜ್ಜಿ ಮೊನ್ನೇನೇ ಮನಸಿನಾಗೇ ಕೇಳ್ಯಾರೆ, ಬಲಕ್ಕೆ ಕೊಟ್ಟಾಳಂತೆ."

"ಅಂದ್ರೆ ನಿಮ್ಮಜ್ಜಿಗೆ ಮೊದ್ಲೇ ಗೊತ್ತು?"

ಬಾಗಿಲಲ್ಲಿ ಹುಲ್ಲಿನ ಹೊರೆ ಹೊತ್ತು ಕೊಟ್ರವ್ವ ನಿಂತಿದ್ದಳು. "ಸುಮ್ನೆ ಕೇಳು ವಿಜೀ. ರೈತರ ಮಕ್ಕಳಿಗೆ ಅಂತ ಬ್ಯಾರೆ ಸೀಟು ಅದಾವಂತೆ, ಅದಕ್ಕೆ ಹೊಲದ ಕೆಲಸದ ಪರೀಕ್ಷೆ ಇಡ್ತಾರಂತೆ. ನಾನು ಕಲಿಸ್ತೀನಿ. ಭಾನುವಾರ ಭಾನುವಾರ ನೀನು ಕರ್ಕೊಂಡು ಬರ್ಬೇಕು."

"ಸುಧಾಗೆ ಏನಂತ ಹೇಳ್ಲವ್ವಾ?"

"ನಂಗೆ ಹುಷಾರಿಲ್ಲ ಅನ್ನು" ಎಂದು ಕೊಟ್ರವ್ವ ಹೊರೆಯನ್ನು ಒಂದೇ ಏಟಿಗೆ ಗೋದಲಿಗೆ ಎಸೆದಳು. "ಇವತ್ತಿಂದಲೇ ಸೊಂಟ ನೋವು ಹಿಡಕೊಂತು ನೋಡು."

ವಿಜಯಕುಮಾರರು ಪಡಸಾಲೆಗೆ ಬಂದರು. ಜೀವನದಲ್ಲಿ ಮೊದಲ ಬಾರಿಗೆ ಎರಡರಲ್ಲಿ ಒಂದನ್ನು ಹೆಸರಿಟ್ಟು ಹೇಳಿದರು: "ಬಯಾಲಜಿ."

ಪರಶುರಾಮ್ ಮಜ್ಜಿಗೆಯ ಲೋಟವನ್ನು ಭಾವನ ಮುಂದಿನಿಂದ ವಾಪಸ್ಸು ಎಳೆದುಕೊಂಡ. ಸುಧಾಳ ಕಣ್ಣಲ್ಲಿ ನೀರು ಬಂತು. ಅತ್ತೆಯ ಕಾಲಿಗೆ ಬಿದ್ದಳು, ಮಂಡಿನೋವು ಲೆಕ್ಕಿಸದೆ ಗಂಡನ ಕಾಲಿಗೂ ಬಿದ್ದಳು. ವಿಜಯಕುಮಾರರಿಗೆ ಮದುವೆಯಾದ ದಿನವೂ ಅಷ್ಟು ಹೆದರಿಕೆಯಾಗಿರಲಿಲ್ಲ.

ವಾಪಸ್ಸು ಬರುವಾಗ ಪರಶುರಾಮ್ ಗಿಯರನ್ನು ಸಿಟ್ಟಿನಿಂದ ಕಿತ್ತು ಕಿತ್ತು ಹಾಕುತ್ತಿದ್ದ. ಅವನ ಪಕ್ಕ ಕೂತ ಸುಧಾ ಮಲೆಬೆನ್ನೂರಿನಿಂದಲೇ ಫೋನ್ ಹಿಡಿದಿದ್ದಳು. "ಹೂನ್ರೀ, ಡಾಕ್ಟ್ರೇ! ... ಇಲ್ರೀ, ನಂದೇನೂ ಇಲ್ಲ, ಎಲ್ಲಾ ಅವರದೇ ತೀರ್ಮಾನ. ... ಹೌದ್ರೀ, ಪೂರಾ ಜವಾಬ್ದಾರಿ ಅವರದೇ. ಮುಂದೆ ಏನೇ ಆಗ್ಲಿ, ನಾನು ಅವರನ್ನೇ ಕೇಳ್ತೀನಿ." ಹರಿಹರ ಬರುವಷ್ಟರಲ್ಲಿ ಬಳಗಕ್ಕೆಲ್ಲ ಸುದ್ದಿ ಮುಟ್ಟಿತ್ತು. ತೀರ್ಮಾನ ಯಾರದೆಂಬುದಕ್ಕೆ ಸಾಕ್ಷಿಗಳ ಕೊರತೆ ಇನ್ನಿರಲಿಲ್ಲ.

ಹಿಂದಿನ ಸೀಟಿನಲ್ಲಿ ಸ್ವಾತಿ ಅಪ್ಪನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಎಷ್ಟೋ ದಿನದಿಂದ ನಿದ್ದೆ ಕಾಣದವರ ನಿದ್ದೆ. ಅವಳ ಚಪ್ಪಲಿಗೆ ಕೊಟ್ಟಿಗೆಯ ಸಗಣಿ ಮೆತ್ತಿಕೊಂಡಿರುವುದನ್ನು ವಿಜಯಕುಮಾರರು ಆಗಷ್ಟೇ ಕಂಡರು. ಸದ್ದಿಲ್ಲದೆ ತಮ್ಮ ಪಾದವನ್ನು ಅದರ ಮೇಲಿಟ್ಟು ಮುಚ್ಚಿದರು. ತಣ್ಣಗೆ ಅಂಟಿತು.

ಮುಂದಿನ ಸೀಟಿನಿಂದ ಸುಧಾ ಮೂಗು ಅರಳಿಸಿದಳು. "ಏನ್ರೀ ಅದು ವಾಸನೆ? ಯಾರು ಕೊಟ್ಟಿಗೆಗೆ ಹೋಗಿದ್ದು? ಸ್ವಾತಿನಾ?"

"ಅವಳಲ್ಲ, ನಾನು" ಎಂದು ವಿಜಯಕುಮಾರರು ಕಾಲೆತ್ತಿ ತೋರಿಸಿದರು.

"ಇಷ್ಟು ವರ್ಷ ಪ್ಯಾಟೆಯಾಗಿದ್ರೂ ನಿಮ್ಮ ಬುದ್ಧಿ ಹೋಗ್ಲಿಲ್ಲ ನೋಡ್ರಿ!" ಅಲ್ಲಿಂದ ದಾವಣಗೆರೆ ತಲುಪುವವರೆಗೂ ಸುಧಾ ಬೈದಳು. ವಿಜಯಕುಮಾರರು ಎದುರಾಡಲಿಲ್ಲ, ಮಗಳಿಗೆ ಎಚ್ಚರವಾಗದಂತೆ ಭುಜವನ್ನೂ ಕದಲಿಸಲಿಲ್ಲ. ಇನ್ನೂ ಎರಡು ವರ್ಷ ಇದೆ, ಅಭ್ಯಾಸವಾಗಲಿ ಎಂದುಕೊಂಡರು.