ಅತ್ತೆಯವರು ಹತ್ತುವಂಥ ಗಾಡಿ

ಕೆಲವರು ಮುಂಜಾನೆ ಕಾರು ಬೇಕು ಅನ್ನುತ್ತಾರೆ, ಸಂಜೆಗೆ ತಂದು ಬಾಗಿಲಲ್ಲಿ ನಿಲ್ಲಿಸುತ್ತಾರೆ. ನಮ್ಮ ಮನೆಯಲ್ಲಿ ಒಂದು ಕಸಬರಿಗೆ ಕೊಳ್ಳಬೇಕಾದರೂ ಅದಕ್ಕೊಂದು ಸಭೆ, ಸಭೆಗೊಂದು ಜಗಳ, ಕೊನೆಗೆ ಊರವರಿಗೆಲ್ಲ ನಗು. ಮದುವೆಯಾಗಿ ಬಂದ ದಿನದಿಂದ ಇದು ತಪ್ಪಿದ್ದನ್ನು ನಾನು ಕಂಡಿಲ್ಲ. ನಮ್ಮನೆಯವರದು ರೋಣದ ಪೇಟೆಯಲ್ಲಿ ಪಾತ್ರೆ ಮಾರುವ ಭಾಂಡೆ ಅಂಗಡಿ. ಅವರು ಹಳೆಯ ಕಾರು ತೆಗೆದು ದೊಡ್ಡ ಗಾಡಿ ತರುತ್ತೇನೆ ಎಂದಾಗಲೇ ನಾನು ಎಚ್ಚರಾಗಬೇಕಿತ್ತು.

ಬಾಜಾದವರ ಉಪಕಾರ

ನಮ್ಮ ಹಳೆಯದು ಉದ್ದ ಮೂತಿಯ, ಹಿಂದೆ ಡಿಕ್ಕಿ ಇರುವ ಕಾರು. ನೋಡಲಿಕ್ಕೆ ಠೀವಿ, ಆದರೆ ನೆಲಕ್ಕೆ ಭಾಳ ಹತ್ತಿರ. ಅದರಲ್ಲಿ ಕೂಡುವುದೆಂದರೆ ಬಿದ್ದ ಹಾಗೆ, ಏಳುವುದೆಂದರೆ ಬಾವಿಯಿಂದ ಮೇಲೆ ಬಂದ ಹಾಗೆ. ನಮ್ಮ ಅತ್ತೆಯವರಿಗೆ ಎರಡೂ ಮೊಣಕಾಲು ನೋವು, ಮೈಯೂ ತುಸು ಭಾರ.

ನರೇಗಲ್ಲಿನಲ್ಲಿ ಒಂದು ಮದುವೆ. ಮಂಟಪದ ಬಾಗಿಲಲ್ಲಿ ಬಾಜಾದವರು ಮದುಮಗನ ದಾರಿ ಕಾಯುತ್ತ ನಿಂತಿದ್ದರು. ನಮ್ಮ ಕಾರು ನಿಂತಿತು, ನಮ್ಮನೆಯವರು ಹಿಂದಿನ ಬಾಗಿಲು ತೆಗೆದರು. ಬಾಗಿಲು ತೆರೆದದ್ದಷ್ಟೇ ಕಂಡಿತು ಬಾಜಾದವರಿಗೆ, ಶುರು ಹಚ್ಚಿಯೇ ಬಿಟ್ಟರು. ಆರತಿ ತಟ್ಟೆ ಹಿಡಿದ ಹೆಣ್ಣುಮಕ್ಕಳು ಓಡೋಡಿ ಬಂದರು. ಅತ್ತೆಯವರ ಒಂದು ಕೈ ನಮ್ಮನೆಯವರು ಎಳೆದರು, ಇನ್ನೊಂದು ಕೈ ನಾನು ಎಳೆದೆ, ಆಚೆ ಬಾಗಿಲಿನಿಂದ ಯಾರೋ ಪುಣ್ಯಾತ್ಮರು ಬೆನ್ನಿಗೆ ಕೈ ಕೊಟ್ಟು ದೂಡಿದರು. ಬಾಜಾದವರ ಒಂದು ಹಾಡು ಮುಗಿದು ಎರಡನೆಯದು ಅರ್ಧಕ್ಕೆ ಬಂದಾಗ ಅತ್ತೆಯವರು ಪೂರ್ತಿ ಹೊರಗೆ ಬಂದರು. ನೆರೆದವರೆಲ್ಲ ನೋಡಿದರು. ಮದುಮಗ ಬಂದಾಗ ಬಾಜಾದವರಿಗೆ ಉಸಿರೇ ಇರಲಿಲ್ಲ.

ಮನೆಗೆ ಬಂದು ಸೆರಗು ಕೊಡವಿ ಅತ್ತೆಯವರು ಹೇಳಿದರು: "ಇನ್ನ ಮ್ಯಾಲೆ ಈ ಕಾರಿನ್ಯಾಗ ನಾ ಕಾಲಿಡಂಗಿಲ್ಲ. ನನ್ನ ಲಗ್ನದಾಗೂ ಇಷ್ಟು ಬಾಜಾ ಬಾರ್ಸಿದ್ದಿಲ್ಲ!"

ಬಾರದ ಗಾಡಿಗೆ ಮುಂಗಡ ಪಾಳಿ

ಅದೊಂದು ನಗೆಮಾತಾಗಿ ಮುಗಿದಿದ್ದರೆ ಚಲೋ ಇತ್ತು. ಅತ್ತೆಯವರು ಖರೇನೇ ಹೊರಗೆ ಹೋಗುವುದನ್ನು ಬಿಟ್ಟುಬಿಟ್ಟರು. ಅದೇ ಹೊತ್ತಿಗೆ ನರಗುಂದದಲ್ಲಿರುವ ಅವರ ತಂಗಿಗೆ ಕಣ್ಣಿನ ಆಪರೇಷನ್ ಆಯಿತು. ನಮ್ಮಲ್ಲಿ ಜಡ್ಡಾದವರನ್ನು ಮಾತಾಡಿಸಿ ಬರಲೇಬೇಕು. ಚಿಗವ್ವ ಪ್ರತಿ ರವಿವಾರ ಫೋನು ಮಾಡುತ್ತಿದ್ದರು: "ಅಕ್ಕಾ, ಯಾವಾಗ ಬರ್ತಿ?" ಅತ್ತೆಯವರದು ಒಂದೇ ಉತ್ತರ: "ಕಾಲು ಸುಧಾರಿಸ್ಲಿ ತಡಿ." ಫೋನು ಇಟ್ಟ ಮೇಲೆ ಅದರ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಕೂಡುತ್ತಿದ್ದರು. ಏಳೆಂಟು ರವಿವಾರ ಹೀಗೇ ಕಳೆದವು.

ಒಂದು ದಿನ ನಮ್ಮನೆಯವರು ನಿರ್ಧಾರ ಮಾಡಿದರು. ಅವ್ವ ಕುರ್ಚಿಯಲ್ಲಿ ಕೂತಂತೆ ಕೂಡಬೇಕು, ಯಾರೂ ಎಳೆಯಬಾರದು, ನಡುದಾರಿಯಲ್ಲಿ ಕೈಕೊಡಬಾರದು. ಅಂಥ ಗಾಡಿ ಬೇಕು. ಈ ಮಾತನ್ನು ಮನೆಯಲ್ಲಿ ಆಡಿದ್ದರೆ ಸಾಕಿತ್ತು, ಅವರು ಅಂಗಡಿಯಲ್ಲಿ ಆಡಿದರು.

ಮರುದಿನದಿಂದ ಅಂಗಡಿಗೆ ಭಾಂಡೆ ಕೊಳ್ಳುವವರಿಗಿಂತ ಸಲಹೆ ಕೊಡುವವರೇ ಹೆಚ್ಚು ಬಂದರು. ಬೀಜದ ವ್ಯಾಪಾರಿ ಗಾಡಿಯ ಹಿಂದೆ ಎಷ್ಟು ಚೀಲ ಹಿಡಿಸುತ್ತವೆ ಎಂದು ಕೇಳಿದರು. ಸಾಲಿ ಮಾಸ್ತರರು ಹುಡುಗರು ಎಷ್ಟು ಹಿಡಿಸುತ್ತಾರೆ ಎಂದು ಲೆಕ್ಕ ಹಾಕಿದರು. ಅತ್ತೆಯವರು ಹಿಡಿಸುತ್ತಾರೆಯೇ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ನಮ್ಮ ಓಣಿಯ ಕಾಕೂ ಒಬ್ಬರು ನೇರ ನನ್ನ ಹತ್ತಿರವೇ ಬಂದರು. "ಹತ್ತು ಮಂದಿ ಕೂಡುವಂಥಾದ್ದ ತಗೋರಿ. ಬಸರಿ ಮಗಳ ಕುಬಸಕ್ಕ ಜಕ್ಕಲಿಗೆ ಹೋಗೂದೈತಿ. ಹೋದ ಸಲ ನಿಮ್ಮ ಕಾರಿನ್ಯಾಗ ಬುತ್ತಿ ಬುಟ್ಟಿ ನನ್ನ ತೊಡಿ ಮ್ಯಾಲೇ ಇತ್ತು."

"ಹತ್ತು ಮಂದಿ ಕೂತ್ರ ನಾವೆಲ್ಲಿ ಕೂಡೂದ್ರಿ ಕಾಕೂ?" ಎಂದು ಕೇಳಿದೆ.

"ನೀವ್ಯಾಕ ಬರ್ತೀರಿ? ಕುಬಸ ನಮ್ಮದಲ್ಲೇನ್ರಿ?"

ಗಾಡಿ ಯಾವುದೆಂದು ಇನ್ನೂ ನಮಗೇ ಗೊತ್ತಿರಲಿಲ್ಲ. ಶ್ರಾವಣದ ತನಕ ಯಾರು ಯಾವಾಗ ಒಯ್ಯಬೇಕೆಂದು ಓಣಿಯಲ್ಲಿ ಪಾಳಿ ಗೊತ್ತಾಗಿಬಿಟ್ಟಿತ್ತು.

ಮಿಸ್ತ್ರಿಯ ಮಾರಿ

ಗಜೇಂದ್ರಗಡದ ಗೌಡರೊಬ್ಬರು ತಮ್ಮ ದೊಡ್ಡ ಗಾಡಿ ಕೊಡುವವರಿದ್ದಾರೆ ಎಂದು ಸುದ್ದಿ ಬಂತು. ಏಳು ಸೀಟು, ಎತ್ತರದ ಗಾಡಿ. ನಂಬಿಕೆಯ ಗಾಡಿ ಹೌದೋ ಅಲ್ಲವೋ ಹೇಳಲಿಕ್ಕೆ ನಮ್ಮ ಮಿಸ್ತ್ರಿ ಚಾಚಾ ಜೊತೆಗೆ ಬೇಕೇ ಬೇಕು. ಹಳೆಯ ಕಾರನ್ನು ಹನ್ನೊಂದು ವರ್ಷ ರಿಪೇರಿ ಮಾಡಿದವರು ಅವರು. ಮೂವರೂ ಹೊರಟೆವು.

ಗಜೇಂದ್ರಗಡ ಮುಟ್ಟಿದ ಮೇಲೆ ಚಾಚಾ ಗೌಡರ ಮನೆಗೆ ಹೋಗಗೊಡಲಿಲ್ಲ. "ಮೊದಲ ಗಾಡಿ ನೋಡಬಾರದ್ರಿ. ಅದನ್ನ ರಿಪೇರಿ ಮಾಡೂ ಮಿಸ್ತ್ರಿ ಮಾರಿ ನೋಡ್ಬೇಕು. ಗಾಡಿ ಮಾರಾಕತ್ತಾರ ಅಂದಕೂಡ್ಲೇ ಅವನ ಮಾರಿ ಸಣ್ಣದಾತಂದ್ರ ಆ ಗಾಡಿ ಬ್ಯಾಡ. ಅವನ ಹೊಟ್ಟಿ ಅದರ ಮ್ಯಾಲೇ ನಡದೈತಿ ಅಂತ ತಿಳೀರಿ."

ಹುಡುಕಿಕೊಂಡು ಆ ಗ್ಯಾರೇಜಿಗೆ ಹೋದೆವು. ಅಲ್ಲಿಯ ಮಿಸ್ತ್ರಿ ಸುದ್ದಿ ಕೇಳಿ ಮುಖವನ್ನೆಲ್ಲ ಅರಳಿಸಿದ. "ಗೌಡ್ರ ಗಾಡ್ಯಾ? ಲಗೂ ಒಯ್ರಿ ಅದನ್ನ! ವರ್ಷಕ್ಕೊಮ್ಮಿ ಎಣ್ಣಿ ಬದ್ಲಿ ಮಾಡಾಕ ಬರ್ತೈತಿ, ಅಷ್ಟ. ಅದರಿಂದ ನನಗ ಒಂದು ಚಹಾನೂ ಹುಟ್ಟಿಲ್ಲ."

ಚಾಚಾ ನಮ್ಮ ಕಡೆ ತಿರುಗಿ, ಗಾಡಿ ಪಾಸಾಯಿತು ಎಂದು ತಲೆಯಾಡಿಸಿದರು. ನಮ್ಮನೆಯವರಿಗೆ ಈ ಯುಕ್ತಿ ಭಾಳ ಮನಸ್ಸಿಗೆ ಬಂತು. ದಾರಿಯಲ್ಲಿ ಸಹಜವಾಗಿಯೇ ಕೇಳಿದರು: "ಸಾಹೇಬ್ರ, ಹಂಗಾದ್ರ ನಾವು ನಮ್ಮ ಹಳೇ ಕಾರ್ ಮಾರ್ತೀವಂದ್ರ ನಿಮಗ ಹ್ಯಾಂಗ ಅನ್ನಸ್ತೈತಿ?"

ಚಾಚಾ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. "ಖರೇ ಹೇಳ್ಲೇನ್ರಿ? ಭಾಳ ಸಂಕಟ ಆಗ್ತೈತಿ. ನನ್ನ ಮಗನ ಡಿಪ್ಲೊಮಾ ಮುಗ್ಯಾಕ ಇನ್ನೂ ಒಂದು ವರ್ಷ ಐತ್ರಿ."

ತುಪ್ಪದ ಕೈ

ಗೌಡರ ಅಂಗಳದಲ್ಲಿ ಗಾಡಿ ನಿಂತಿತ್ತು. ನಮ್ಮನೆಯವರು ಅಂಗಡಿಯಿಂದ ಟೇಪು ತಂದಿದ್ದರು. ಮನೆಯಲ್ಲಿ ಅತ್ತೆಯವರ ಕುರ್ಚಿಯ ಎತ್ತರ ಅಳೆದು ಚೀಟಿಯಲ್ಲಿ ಬರೆದುಕೊಂಡಿದ್ದರು. ಗಾಡಿಯೊಳಗೆ ಹತ್ತಿ ಮೊಣಕಾಲೂರಿ ಸೀಟು ಅಳೆದರು. ಒಂದು ಬೆರಳೂ ಹೆಚ್ಚುಕಡಿಮೆ ಇಲ್ಲ! ಅವರ ಮುಖ ನೋಡಬೇಕಿತ್ತು, ಆ ಗಾಡಿಯನ್ನು ತಾವೇ ಮಾಡಿಸಿದವರಂತೆ ಹಿಗ್ಗಿದರು.

ನಾನು ಬರುವಾಗಲೇ ಹೇಳಿದ್ದೆ: ಚಹಾ ಅಷ್ಟೇ ಕುಡಿಯಿರಿ, ಊಟಕ್ಕೆ ಕೂಡಬೇಡಿರಿ. ಉಂಡ ಮನೆಯಲ್ಲಿ ಚೌಕಾಸಿ ಮಾಡಲು ನಮ್ಮ ಕಡೆಯವರಿಗೆ ಬಾಯಿ ಬರುವುದಿಲ್ಲ. ಆದರೆ ಗೌಡರು ಬಿಡಬೇಕಲ್ಲ. "ವ್ಯವಹಾರ ಎಲ್ಲಿ ಓಡಿ ಹೋಗ್ತೈತ್ರಿ? ಮೊದಲ ಕೈ ತೊಳಕೋರಿ." ಹೋಳಿಗೆಯ ಮೇಲೆ ಹೋಳಿಗೆ ಬಂತು, ಅದರ ಮೇಲೆ ತುಪ್ಪ ಬಂತು. ನಾನು ಕಣ್ಣು ಮಾಡಿ ಸನ್ನೆ ಮಾಡಿದೆ. ನಮ್ಮನೆಯವರು ಎಲೆ ಬಿಟ್ಟು ತಲೆ ಎತ್ತಲಿಲ್ಲ.

ಊಟ ಮುಗಿಯಿತು. ಗಂಡಸರು ಪಡಸಾಲೆಯಲ್ಲಿ ಕೂತರು. ಮಳೆಯ ಮಾತಾಯಿತು, ಸೂಡಿಯ ರಸ್ತೆಯ ಮಾತಾಯಿತು. ರೇಟಿನ ಮಾತು ಯಾರೂ ಎತ್ತಲೊಲ್ಲರು. ನಮ್ಮನೆಯವರಿಗೆ ಉಂಡ ಮನೆಯಲ್ಲಿ ಕಡಿಮೆ ಕೇಳಲಿಕ್ಕೆ ಸಂಕೋಚ. ಗೌಡರಿಗೆ ತಮ್ಮ ಮನೆಯಲ್ಲಿ ಉಂಡವರ ಹತ್ತಿರ ಹೆಚ್ಚು ಕೇಳಲಿಕ್ಕೆ ಸಂಕೋಚ. ಚಾಚಾ ತೂಕಡಿಸಿದರು. ಒಂದು ತಾಸು ಹೀಗೇ ಹೋಯಿತು.

ಕೊನೆಗೆ ಒಳಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಗೌಡಶಾನಿಯವರು ನನಗೆ ಅಂದರು, "ಇವರಿಬ್ರನ್ನ ನಂಬಿದ್ರ ದೀಪ ಹಚ್ಚೂ ಹೊತ್ತಾಗ್ತೈತಿ. ನೀವೊಂದು ಹೇಳ್ರಿ, ನಾನೊಂದು ಹೇಳ್ತೀನಿ." ಅವರು ಹೇಳಿದರು, ನಾನು ಹೇಳಿದೆ, ಎರಡನೇ ಎಲೆಗೆ ಸುಣ್ಣ ಹಚ್ಚುವುದರೊಳಗೆ ಮುಗಿಯಿತು.

ಹಿಂದಿರುಗುವಾಗ ನಮ್ಮನೆಯವರು ಮೀಸೆಯ ಮೇಲೆ ಕೈಯಾಡಿಸುತ್ತ ಅಂದರು: "ನೋಡಿದ್ಯಾ? ಒಂದು ಮಾತಾಡಲಾರ್ದ ರೇಟು ಹ್ಯಾಂಗ ಇಳಿಸಿದ್ನಿ!"

ಗಾಲಿ ಹಚ್ಚಿದ ಅಟ್ಟ

ಗಾಡಿ ಬಂತು. ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಓಣಿಯವರೆಲ್ಲ ಸುತ್ತ ನಿಂತರು. ನಮ್ಮನೆಯವರು ಬಾಗಿಲು ತೆಗೆದು, "ಬಾ ಅವ್ವಾ, ನಿನ್ನ ಕುರ್ಚಿ ಇದ್ದಂಗ ಐತಿ" ಎಂದರು. ಅತ್ತೆಯವರು ಕೋಲೂರಿ ಬಂದು ಕಾಲೆತ್ತಿದರು. ಕಾಲು ಅರ್ಧಕ್ಕೆ ನಿಂತಿತು. ಇನ್ನೊಂದು ಕಾಲೆತ್ತಿದರು. ಅದೂ ಅಲ್ಲಿಗೇ ನಿಂತಿತು.

ಆಗ ಹೊಳೆಯಿತು. ನಮ್ಮನೆಯವರು ಅಳೆದದ್ದು ಗಾಡಿಯ ಒಳಗಿನ ನೆಲದಿಂದ ಸೀಟಿಗೆ. ಹೊರಗಿನ ನೆಲದಿಂದ ಗಾಡಿಗೆ ಎಷ್ಟು ಎತ್ತರ ಎಂದು ಯಾರೂ ನೋಡಿರಲಿಲ್ಲ. ನಾವು ಮೂವರೂ ಟಣ್ಣನೆ ಹತ್ತಿ ಕೂತಿದ್ದೆವಲ್ಲ!

ಅತ್ತೆಯವರು ಮಗನ ಮುಖ ನೋಡಿದರು, ಸೀರೆ ಸರಿಮಾಡಿಕೊಂಡರು. "ಗಾಡಿ ಚಲೋ ಐತಿ ತಮ್ಮಾ. ಅಟ್ಟಕ್ಕ ಗಾಲಿ ಹಚ್ಚಿದಂಗ ಐತಿ" ಎಂದು ಒಳಗೆ ಹೋದರು. ಎಲ್ಲರೂ ನಕ್ಕರು. ನಮ್ಮನೆಯವರು ಅಂದು ಮಧ್ಯಾಹ್ನ ಊಟಕ್ಕೆ ಕೂಡಲಿಲ್ಲ.

ಸಂಜೆ ಬಡಿಗೇರರನ್ನು ಕರೆಸಿದೆವು. ಅವರು ಟೇಪು ಮುಟ್ಟಲಿಲ್ಲ. ಅತ್ತೆಯವರನ್ನು ಗೋಡೆಯ ಹತ್ತಿರ ನಿಲ್ಲಿಸಿ, "ನೋವಾಗಲಾರ್ದಂಗ ಎಷ್ಟು ಏಳ್ತೈತಿ ಅಷ್ಟ ಕಾಲೆತ್ರಿ ಅವ್ವಾರ" ಎಂದು ಅಲ್ಲಿಗೆ ಸುಣ್ಣದ ಗೆರೆ ಎಳೆದರು. ಅದೇ ಅಳತೆಗೆ ಎರಡು ಮೆಟ್ಟಿಲಿನ ಮಣೆ ಮಾಡಿಕೊಟ್ಟರು. ಅತ್ತೆಯವರು ಒಂದು, ಎರಡು ಎಂದು ಮೆಟ್ಟಿ, ಯಾರ ಕೈಯನ್ನೂ ಹಿಡಿಯದೆ ಗಾಡಿಯಲ್ಲಿ ಕೂತರು. ಬಡಿಗೇರರು ಹೋಗುವಾಗ ನಮ್ಮನೆಯವರಿಗೆ ಮೆಲ್ಲಗೆ ಹೇಳಿದರು: "ಮೊದಲ ಕಾಲು ಅಳೀಬೇಕ್ರಿ, ಆಮ್ಯಾಲೆ ಗಾಡಿ."

ನರಗುಂದದ ಓಣಿಯಲ್ಲಿ

ಮುಂದಿನ ರವಿವಾರ ಫೋನು ಬರುವ ಮೊದಲೇ ನರಗುಂದಕ್ಕೆ ಹೊರಟೆವು. ಅತ್ತೆಯವರು ಹೊಸ ಸೀರೆ ಉಟ್ಟು ಮಣೆ ಮೆಟ್ಟಿ ರಾಣಿಯ ಹಾಗೆ ಹತ್ತಿದರು. ದಾರಿಯುದ್ದಕ್ಕೂ ಕಿಟಕಿಯಿಂದ ಹೊಲ ನೋಡಿ, ಯಾರ ಬೆಳೆ ಹೇಗಿದೆ ಎಂದು ಹೇಳುತ್ತ ಬಂದರು. ಅಷ್ಟು ಮಾತಾಡಿದ್ದನ್ನು ನಾನು ವರ್ಷದಿಂದ ಕೇಳಿರಲಿಲ್ಲ.

ಚಿಗವ್ವನ ಮನೆಯ ಮುಂದೆ ಗಾಡಿ ನಿಂತಿತು. ನಮ್ಮನೆಯವರು ಇಳಿದು ಹಿಂದಿನ ಬಾಗಿಲು ತೆಗೆದರು, ಆಮೇಲೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮಣೆ ರೋಣದಲ್ಲಿ, ನಮ್ಮ ಬಾಗಿಲಲ್ಲಿ, ಅತ್ತೆಯವರು ಹತ್ತಿದ ಜಾಗದಲ್ಲೇ ಉಳಿದಿತ್ತು.

ಚಿಗವ್ವನ ಮಗ ಓಡಿ ಪ್ಲಾಸ್ಟಿಕ್ ಕುರ್ಚಿ ತಂದ. ಅದರ ಕಾಲುಗಳು ಅಲ್ಲಾಡುತ್ತಿದ್ದವು. "ದೊಡ್ಡವ್ವಾ, ಎತ್ತಿ ಇಳಿಸ್ತೀವಿ ಬಾ" ಎಂದ. ಅಷ್ಟರಲ್ಲಿ ಓಣಿಯ ಮಂದಿ ಕಟ್ಟೆಗೆ ಬಂದು ನಿಂತಿದ್ದರು. ಅತ್ತೆಯವರು ಮುಂದಿನ ಸೀಟನ್ನು ಗಟ್ಟಿ ಹಿಡಿದುಕೊಂಡರು. "ಯಾರೂ ನನ್ನ ಮುಟ್ಟಬ್ಯಾಡ್ರಿ. ಇಲ್ಲಿಂದನ ತಂಗೀ ಮಾರಿ ನೋಡಿ ಹೋಗ್ತೀನಿ."

ಕಣ್ಣಿಗೆ ಕಪ್ಪು ಕನ್ನಡಕ ಹಾಕಿದ ಚಿಗವ್ವ ಹೊರಗೆ ಬಂದರು. ಸಣ್ಣ ಜೀವ, ಚಟುವಟಿಕೆಯ ಕೈಕಾಲು. ಅಕ್ಕನನ್ನು ನೋಡಿದರು, ನೆರೆದ ಮಂದಿಯನ್ನು ನೋಡಿದರು. ಸೀರೆ ತುಸು ಎತ್ತಿ ಕಟ್ಟಿ, ಬಾಗಿಲು ಹಿಡಿದು, ಒಂದೇ ಹೆಜ್ಜೆಗೆ ಮೇಲೆ ಹತ್ತಿ ಅಕ್ಕನ ಪಕ್ಕಕ್ಕೆ ಕೂತರು. ಆಮೇಲೆ ಇಬ್ಬರೂ ಒಬ್ಬರ ಕೈಯೊಬ್ಬರು ಹಿಡಿದುಕೊಂಡು ಅತ್ತರು. ನಾನೂ ಕಣ್ಣೊರೆಸಿಕೊಂಡೆ.

ಊಟ ಗಾಡಿಗೇ ಬಂತು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲ ಕಿಟಕಿಯಿಂದ ಒಳಗೆ ಹೋಯಿತು, ಖಾಲಿ ತಾಟು ಕಿಟಕಿಯಿಂದ ಹೊರಗೆ ಬಂತು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಹಿಂದಿನ ಸೀಟಿಗೆ ಹತ್ತಿ ಮಾತಾಡಿಸಿ ಇಳಿದರು. ನಾವು ಗಂಡ ಹೆಂಡತಿ ಮಾತ್ರ ಮನೆಯೊಳಗೆ ಕೂತು ಉಂಡೆವು.

ಬಿಸಿಲು ಇಳಿಯಿತು. ನಮ್ಮನೆಯವರು ಗಾಡಿ ಶುರು ಮಾಡಿದರು, ನಾನು ಮುಂದೆ ಕೂತೆ. ಚಿಗವ್ವನ ಮಗ ಬಾಗಿಲ ಹತ್ತಿರ ಬಂದ. "ಅವ್ವಾ, ಇಳಿ. ಅವರು ಹೊಂಟಾರ."

ಚಿಗವ್ವ ಕನ್ನಡಕ ಸರಿಮಾಡಿಕೊಂಡು, ಅಕ್ಕನ ಕೈ ಬಿಡದೆ, ಬಾಗಿಲಿನಿಂದ ಕೆಳಗೆ ಬಗ್ಗಿ ನೋಡಿದರು.

"ಇಷ್ಟು ಎತ್ತರದಿಂದ ಹ್ಯಾಂಗ ಇಳೀಲೋ ತಮ್ಮಾ? ಮಣಿ ರೋಣದಾಗ ಐತಂತ. ಅಲ್ಲೇ ಹೋಗಿ ಇಳೀತೀನಿ. ನನ್ನ ಕಣ್ಣಿಗೆ ಬಿಡೂ ಔಷಧ ಒಂದು ತಂದು ಕೊಡು, ಬಾಗಲಾ ಹಾಕು."